ಪುರಸಭೆ ನೇಮಿಸಿದ ಒಳ್ಳೆಯ ಮನುಷ್ಯ

ನಾನು ಒಳ್ಳೆಯ ಮನುಷ್ಯ ಎಂಬುದು ನಮ್ಮೂರ ಪುರಸಭೆಯ ಆದೇಶದಿಂದ ಇತ್ಯರ್ಥವಾಗಿರುವ ಸಂಗತಿ. ಈ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ನನ್ನನ್ನು ಬಲ್ಲವರ ಅಭಿಪ್ರಾಯ ಕೇಳುವ ಪದ್ಧತಿಯೂ ಇಲ್ಲ.

ವಯಸ್ಸಾಗಿ, ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳಲಾಗದವರ ಪರವಾಗಿ ಓಡಾಡಲು, ಅವರ ಹಕ್ಕಿಗಾಗಿ ಬಡಿದಾಡಲು ಸ್ವೀಡನ್ನಿನ ಕಾಯ್ದೆ ಒಬ್ಬರನ್ನು ನೇಮಿಸುತ್ತದೆ. ಆ ಹುದ್ದೆಯ ಹೆಸರೇ ‘ಒಳ್ಳೆಯ ಮನುಷ್ಯ’. ಗಂಡಸಾದರೂ ಹೆಂಗಸಾದರೂ ಅದೇ ಹೆಸರು. ನೇಮಕದ ದಿನದಿಂದ ಒಳ್ಳೆಯತನ ಜಾರಿಗೆ ಬರುತ್ತದೆ. ಅವಧಿ ಮುಗಿದ ಮೇಲೆ ವ್ಯಕ್ತಿ ತನ್ನ ಹಿಂದಿನ ಸ್ಥಿತಿಗೆ ಮರಳಲು ಸ್ವತಂತ್ರ.

ನನ್ನ ಹೆಸರು ಯೆರ್ಕರ್. ಬಂದರಿನ ಪಕ್ಕದಲ್ಲಿ ಮೀನಂಗಡಿ. ಊರಾಚೆ ಗುಡ್ಡದ ಮೇಲಿರುವ ಮೋಸ್‌ವೀಲಾ ಎಂಬ ವೃದ್ಧಾಶ್ರಮದ ಅಡುಗೆಮನೆಗೆ ನನ್ನ ಹೆರಿಂಗ್ ಮೀನಿನ ಉಪ್ಪಿನಕಾಯಿ ಹೋಗಬೇಕು ಎಂಬುದು ನನ್ನ ಬಹುದಿನದ ಆಸೆ. ಮೋಸ್‌ವೀಲಾ ಎಂದರೆ ಕಡಲಹಕ್ಕಿಗಳು ದಣಿವಾರಿಸಿಕೊಳ್ಳುವ ಜಾಗ ಎಂದಷ್ಟೇ ಅರ್ಥ. ಕನ್ನಡದವರು ಬೇರೆ ಅರ್ಥ ಮಾಡಿಕೊಂಡರೆ ಆಡಳಿತ ಮಂಡಳಿ ಹೊಣೆಯಲ್ಲ. ಅಲ್ಲಿಗೆ ಒಳ್ಳೆಯ ಮನುಷ್ಯರ ಕೊರತೆಯಿದೆ ಎಂದು ಪುರಸಭೆ ಪ್ರಕಟಣೆ ಹೊರಡಿಸಿದಾಗ ನಾನು ಅರ್ಜಿ ಹಾಕಿದೆ. ಒಳಗೆ ಕಾಲಿಡಲು ಅಡುಗೆಮನೆಯ ಬಾಗಿಲಾದರೇನು, ಕಾಯ್ದೆಯ ಬಾಗಿಲಾದರೇನು. ಆದೇಶ ಬಂತು. ಕಟ್ಟು ಹಾಕಿಸಿ ಗಲ್ಲಾದ ಮೇಲೆ ನೇತುಹಾಕಿದೆ. ನನ್ನ ಹೆಂಡತಿ ಮಾರಿಟ್ ಅದನ್ನು ಓದಿ, “ಮದುವೆಯಾದಾಗಿನಿಂದ ನಾನು ಹುಡುಕ್ತಿದ್ದದ್ದು ಇವರಿಗೆ ಅದು ಹೇಗೆ ಒಂದೇ ವಾರದಲ್ಲಿ ಸಿಕ್ತು?” ಎಂದಳು. ವ್ಯಾಪಾರ ಸ್ವಲ್ಪ ಏರಿತು.

ನನ್ನ ಪಾಲಿಗೆ ಬಂದವಳು ಸಿವ್. ದೋಣಿಕಟ್ಟೆಯ ಟಿಕೆಟ್ ಕಿಟಕಿಯ ಹಿಂದೆ ಆಯುಷ್ಯ ಕಳೆದ ಮುದುಕಿ. ಸೊಂಟ ಮುರಿದು ಜೋಡಿಸಿದ್ದರಿಂದ ಎದ್ದು ಓಡಾಡಲು ಇನ್ನೊಬ್ಬರ ತೋಳು ಬೇಕು. ನಾಲಿಗೆಗೆ ಯಾರ ನೆರವೂ ಬೇಡ. ನಾನು ಹೂಗುಚ್ಛ ಹಿಡಿದು ಹೋಗಿ, ಇವತ್ತಿನಿಂದ ನಾನು ನಿನ್ನ ಒಳ್ಳೆಯ ಮನುಷ್ಯ ಎಂದೆ.

“ಕಿಟಕೀಲಿ ಕೂತು ಊರಿನ ಅಷ್ಟೂ ಜನರ ಮುಖ ನೋಡಿದೀನಿ,” ಎಂದಳು ಸಿವ್. “ನಿನ್ನದು ಚಿಲ್ಲರೆ ಇಲ್ಲ ಅನ್ನೋ ಮುಖ. ಇರಲಿ, ಇರೋದ್ರಲ್ಲಿ ನೀನೇ. ಹೂವು ಅಲ್ಲಿಡು, ಆ ಗಂಟೆ ಕೆಳಗಿಳಿಸು.”

ತಲೆಯೆತ್ತಿ ನೋಡಿದೆ. ಮಂಚದ ಪಕ್ಕಕ್ಕೆ ಇಳಿಬಿದ್ದಿರಬೇಕಾದ ಕರೆಗಂಟೆಯ ದಾರವನ್ನು ಪರದೆಯ ಕೊಕ್ಕೆಗೆ ಸುತ್ತಿ, ನೀಟಾಗಿ ಗಂಟು ಹಾಕಿದ್ದರು. ಸಿವ್ ಪದೇ ಪದೇ ಕರೆಯುತ್ತಾಳೆ ಎಂದು ಜುಲೈನಲ್ಲಿ ಮೇಲೆ ಕಟ್ಟಿದ್ದರಂತೆ. ಅದೇ ತಿಂಗಳು ಒಂದು ರಾತ್ರಿ ಒಬ್ಬಳೇ ಶೌಚಕ್ಕೆ ಹೋಗಲು ಇಳಿದು ಬಿದ್ದವಳು, ಬೆಳಗಿನ ಗಂಜಿ ತಂದವರ ಕಾಲಿಗೆ ತೊಡರುವವರೆಗೂ ನೆಲದ ಮೇಲೇ ಇದ್ದಳು. ಅವಳಿಗೆ ಪರಿಹಾರ ಬೇಡ, ಕ್ಷಮೆ ಬೇಡ. ಕೈಗೆ ಎಟಕುವ ಒಂದು ದಾರ ಬೇಕು. ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ ಎಂಬುದನ್ನು ಅವಳು ದೋಣಿಯ ಸಮಯ ಹೇಳುವವಳ ಹಾಗೆ ಹೇಳಿದಳು.

ಕುರ್ಚಿ ಹತ್ತಿ ಗಂಟು ಬಿಚ್ಚಿದೆ. ನನ್ನ ಕಾನೂನು ಹೋರಾಟದಲ್ಲಿ ಫಲ ಕೊಟ್ಟ ಕ್ರಮ ಅದೊಂದೇ. ಮರುದಿನ ದಾರ ಮತ್ತೆ ಮೇಲಿತ್ತು, ಪಕ್ಕದಲ್ಲಿ ಒಂದು ಸೂಚನೆ: “ಈ ದಾರವು ಕಟ್ಟಡದ ಭಾಗವಾಗಿರುತ್ತದೆ. ಕಟ್ಟಡದ ಎತ್ತರದಲ್ಲಿ ಬದಲಾವಣೆ ಮಾಡಲು ನಗರ ಯೋಜನಾ ವಿಭಾಗದ ಅನುಮತಿ ಕಡ್ಡಾಯ.”

ಆಶ್ರಮದ ವ್ಯವಸ್ಥಾಪಕಿ ಅನ್ನೆಲಿ ನನ್ನನ್ನು ಕಾಫಿಗೆ ಕೂರಿಸಿದಳು. ಏಲಕ್ಕಿ ಬನ್ನು, ಎರಡು ಬಗೆಯ ಬಿಸ್ಕತ್ತು. ದಾರವನ್ನು ಕಿತ್ತುಕೊಂಡಿಲ್ಲ, ಉನ್ನತೀಕರಿಸಲಾಗಿದೆ ಎಂದು ವಿವರಿಸಿದಳು. ಕೈಗೆ ಸಿಗುವ ಗಂಟೆ ವೃದ್ಧರನ್ನು ಪರಾವಲಂಬಿಗಳನ್ನಾಗಿಸುತ್ತದೆ. ಸಿಗದ ಗಂಟೆ ಸ್ವಾವಲಂಬನೆ ಕಲಿಸುತ್ತದೆ. ಸಿವ್ ಬಿದ್ದದ್ದು ಅದೇ ದಿಕ್ಕಿನಲ್ಲಿ ಇಟ್ಟ ಮೊದಲ ಹೆಜ್ಜೆ. ಬೆಳಗಿನವರೆಗೆ ಯಾರೂ ನೋಡಲಿಲ್ಲವಲ್ಲ ಎಂದು ನಾನು ಕೇಳಿದೆ. ಅನ್ನೆಲಿ ಕನಿಕರದಿಂದ ನನ್ನತ್ತ ನೋಡಿದಳು.

“ಯೆರ್ಕರ್, ಅದು ಜುಲೈ. ಇಡೀ ದೇಶ ಬೇಸಿಗೆ ಮನೇಲಿ ಇರುತ್ತೆ. ಜುಲೈನಲ್ಲಿ ಆಗೋದನ್ನ ನಿರ್ಲಕ್ಷ್ಯ ಅನ್ನಲ್ಲ, ರಜೆ ಅಂತೀವಿ.”

ನನ್ನ ಅಂಗಡಿಯೂ ಜುಲೈ ಇಡೀ ಮುಚ್ಚಿತ್ತು. ಬನ್ನು ಚೆನ್ನಾಗಿತ್ತು, ಇನ್ನೊಂದು ತಿಂದೆ.

ಆದರೂ ಗಲ್ಲಾದ ಮೇಲಿನ ಆದೇಶ ಗಿರಾಕಿಗಳ ಕಣ್ಣಿಗೆ ಬೀಳುತ್ತಿತ್ತಲ್ಲ, ಸುಮ್ಮನಿರುವಂತಿಲ್ಲ. ಪುರಸಭೆಯಲ್ಲಿ ಒಳ್ಳೆಯ ಮನುಷ್ಯರ ಮೇಲ್ವಿಚಾರಣೆ ನಡೆಸುವ ಅಧಿಕಾರಿ ಹೊಲ್ಗರ್ ಬಳಿ ದೂರು ಒಯ್ದೆ. ಹೊಲ್ಗರ್ ಮೃದು ಮಾತಿನವನು. ಅವನು ಯಾರಿಗೂ ಇಲ್ಲ ಎಂದದ್ದನ್ನು ಕೇಳಿದವರಿಲ್ಲ, ಹೌದು ಎಂದದ್ದನ್ನೂ.

“ಸಿವ್‌ಗೆ ತಿಳುವಳಿಕೆ ಇದೆಯಾ?” ಎಂದ.

“ನಮ್ಮಿಬ್ಬರಿಗಿಂತ ಹೆಚ್ಚೇ ಇದೆ.”

“ಬರ್ಕೋತೀನಿ. ತಿಳುವಳಿಕೆ ಇದ್ದೋರು ಖುದ್ದಾಗಿ ಬಂದು ದೂರು ಕೊಡಬೇಕು. ನೀನು ಕೊಡೋ ಹಾಗಿಲ್ಲ.”

“ಸರಿ, ತಿಳುವಳಿಕೆ ಇಲ್ಲ ಅಂತ ಇಟ್ಕೋ.”

“ಆಗ ಆಕೆ ಹೇಳೋದು ದೂರಲ್ಲ, ಕಾಯಿಲೆಯ ಲಕ್ಷಣ. ಡಾಕ್ಟರಿಗೆ ಹೋಗುತ್ತೆ.”

“ಖುದ್ದಾಗಿ ಬರೋಕೆ ಆಕೇನ ಯಾರಾದ್ರೂ ಎಬ್ಬಿಸಬೇಕಲ್ಲ ಹೊಲ್ಗರ್.”

“ಕರೀಲಿ.”

“ಗಂಟೆ ಮೇಲಿದೆ.”

“ಅದನ್ನ ಬಂದು ಹೇಳಲಿ. ಗಂಭೀರವಾದ ವಿಷಯ.”

ನಾನು ಮೀನು ಮಾರುವವನು. ಸರಕು ಕೆಟ್ಟಿದೆಯೇ ಎಂದು ತಿಳಿಯಲು ನನಗೆ ಮೂಗು ಸಾಕು. ಕಾಯ್ದೆಗೆ ಮೂಗಿಲ್ಲ, ಅದಕ್ಕೆ ಮೊಹರು ಬೇಕು ಎಂಬುದು ಆಗ ಅರ್ಥವಾಯಿತು. ವ್ಯಾಪಾರದ ದಾರಿ ಹಿಡಿದೆ. ಗಂಟೆ ಇಳಿಯದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತೇನೆ, ಪತ್ರಿಕೆಯವರು ನನ್ನ ಗಿರಾಕಿಗಳು ಎಂದು ಅನ್ನೆಲಿಗೆ ಹೇಳಿ ಕಳಿಸಿದೆ. ಎರಡನೆಯದು ಸುಳ್ಳು, ಪತ್ರಿಕೆಯವರು ಸೂಪರ್ ಮಾರ್ಕೆಟ್ಟಿನ ಮೀನು ತಿನ್ನುತ್ತಾರೆ.

ಮೋಸ್‌ವೀಲಾ ಹೆದರಿತು. ಹೆದರಿ, ಯಾರೂ ನಿರೀಕ್ಷಿಸದ ಕೆಲಸ ಮಾಡಿತು. ತನಗೂ ಒಬ್ಬ ಒಳ್ಳೆಯ ಮನುಷ್ಯ ಬೇಕೆಂದು ಅರ್ಜಿ ಹಾಕಿತು. ಜುಲೈನಲ್ಲಿ ಏನಾಯಿತೆಂದು ತನಗೆ ನೆನಪಿಲ್ಲ. ಸಿಬ್ಬಂದಿಯ ಕೊರತೆಯಿಂದ ಕೈಕಾಲು ಆಡುವುದಿಲ್ಲ. ತನ್ನ ವ್ಯವಹಾರವನ್ನು ತಾನು ನೋಡಿಕೊಳ್ಳುವ ಸಾಮರ್ಥ್ಯವಿಲ್ಲ ಎಂದು ಅರ್ಜಿಯಲ್ಲಿತ್ತು. ಹೊಲ್ಗರ್ ಅದನ್ನು ಕಾಯ್ದೆಯ ಪಕ್ಕದಲ್ಲಿಟ್ಟು ಓದಿದ. ನೆನಪಿಲ್ಲ, ಕೈಲಾಗುವುದಿಲ್ಲ, ತಿಳಿಯುವುದಿಲ್ಲ. ಇಷ್ಟು ಸ್ಪಷ್ಟವಾಗಿ ಅರ್ಹರಾದ ಅರ್ಜಿದಾರರನ್ನು ತನ್ನ ಸೇವಾವಧಿಯಲ್ಲೇ ಕಂಡಿಲ್ಲ ಎಂದು ಷರಾ ಬರೆದ. ಆಶ್ರಮವನ್ನು ಹತ್ತಿರದಿಂದ ಬಲ್ಲ ಒಳ್ಳೆಯ ಮನುಷ್ಯ ಊರಿನಲ್ಲಿ ಒಬ್ಬನೇ ಇದ್ದ.

ನಾನು ಒಪ್ಪಿಕೊಂಡೆ. ಬಾಗಿಲಿಗೆ ಬಂದ ಎರಡನೆಯ ಗಿರಾಕಿಯನ್ನು ವಾಪಸು ಕಳಿಸುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ಅದೇ ವಾರ ಅಡುಗೆಮನೆಯಿಂದ ಹೆರಿಂಗ್ ಬೇಕೆಂದು ಹೇಳಿಕಳಿಸಿದ್ದು ಕಾಕತಾಳೀಯ ಎಂದು ಎರಡೂ ಕಡೆಯ ಪ್ರತಿನಿಧಿಯಾಗಿ ನಾನು ಪ್ರಮಾಣೀಕರಿಸಬಲ್ಲೆ.

ವಿಚಾರಣೆ ಆಶ್ರಮದ ಊಟದ ಕೋಣೆಯಲ್ಲಿ ನಡೆಯಿತು. ಸಿವ್‌ಳನ್ನು ಗಾಲಿಕುರ್ಚಿಯಲ್ಲಿ ತಂದು ಕೂರಿಸಿದ್ದರು. ಸಭೆಯ ನಡಾವಳಿಯನ್ನು ಯಾರು ತಾಳೆ ನೋಡಬೇಕೆಂಬ ಚರ್ಚೆಯಲ್ಲಿ ಮೊದಲ ಕಾಫಿ ಮುಗಿಯಿತು. ಬಳಿಕ ನಾನು ಎಡಗಡೆಯ ಕುರ್ಚಿಯಲ್ಲಿ ಕೂತು, ನಿಸ್ಸಹಾಯಕ ವೃದ್ಧೆಯ ಕೈಯಿಂದ ಗಂಟೆ ಕಸಿದದ್ದು ಅಮಾನುಷವೆಂದು ವಾದಿಸಿದೆ. ದನಿ ಗದ್ಗದವಾಯಿತು. ಎದ್ದು ಬಲಗಡೆಯ ಕುರ್ಚಿಗೆ ಹೋಗಿ, ಎದುರಿನವರ ಭಾವುಕತೆಯನ್ನು ಗೌರವಿಸುತ್ತೇನೆ, ಆದರೆ ಅವರು ವಾಸ್ತವ ತಿಳಿಯದವರು ಎಂದೆ. ಎಡಕ್ಕೆ ಬಂದು ಆ ಮಾತನ್ನು ಖಂಡಿಸಿದೆ. ಬಲಕ್ಕೆ ಹೋಗಿ ವಿಷಾದಿಸಿದೆ. ಕೊನೆಗೆ ಬಲಗಡೆಯಿಂದ ನಾನು ಎತ್ತಿದ ಜುಲೈ ರಜೆಯ ಪ್ರಶ್ನೆಗೆ ಎಡಗಡೆಯ ನನ್ನಲ್ಲಿ ಉತ್ತರವಿರಲಿಲ್ಲ. ಸೋತೆ. ಗೆದ್ದವನ ಕೈಕುಲುಕಲು ಮಾತ್ರ ತುಸು ಕಷ್ಟವಾಯಿತು. ನನ್ನ ನಿಷ್ಪಕ್ಷಪಾತವನ್ನು ಹೊಲ್ಗರ್ ಶ್ಲಾಘಿಸಿದ. ದಾರ ಇದ್ದಲ್ಲೇ ಇರಲಿ ಎಂದು ದಾಖಲಿಸಿದ.

ಸಿವ್ ಕೈಯೆತ್ತಿದಳು.

“ಹೊಲ್ಗರ್, ನನಗೆ ತಿಳುವಳಿಕೆ ಇದೆ ಅಂತ ನೀನೇ ಬರ್ಕೊಂಡಿದ್ದೀಯ ತಾನೆ?”

ಇದೆ ಎಂದು ಹೊಲ್ಗರ್ ಪುಟ ತಿರುವಿ ಹೇಳಿದ.

“ಹಾಗಿದ್ರೆ ಖುದ್ದಾಗಿ ಬಂದಿದೀನಿ, ಕೇಳ್ಕೋ. ಈ ಮೀನಿನೋನು ತನ್ನ ಜೊತೆ ತಾನೇ ಜಗಳ ಆಡ್ದ, ತನ್ನ ಕೈಲೇ ಸೋತ, ಆಮೇಲೆ ತನ್ನ ಕೈ ತಾನೇ ಕುಲುಕ್ದ. ತನ್ನ ವ್ಯವಹಾರ ತಾನು ನೋಡ್ಕೊಳ್ಳೋ ಸ್ಥಿತಿ ಇದಾ? ಇವನಿಗೊಬ್ಬ ಒಳ್ಳೆ ಮನುಷ್ಯ ಬೇಕು. ನಾನಾಗ್ತೀನಿ.”

ನಾನು ಆಕ್ಷೇಪಿಸಲು ಎದ್ದೆ. ಯಾವ ಕುರ್ಚಿಯಿಂದ ಎಂದು ಹೊಲ್ಗರ್ ಕೇಳಿದ. ಎರಡರ ನಡುವೆ ನಿಂತೇ ಇದ್ದೆ. ಅದನ್ನು ಸಾಕ್ಷ್ಯವೆಂದು ಪರಿಗಣಿಸಲಾಯಿತು. ಹತ್ತಿರದ ಸಂಬಂಧಿಯೆಂದು ಮಾರಿಟ್ ಸಹ ಒಪ್ಪಿಗೆಯ ರುಜು ಹಾಕಿದಳು, ಓದದೆ.

ಈಗ ಸಿವ್ ಪದಾಧಿಕಾರಿ. ಪದಾಧಿಕಾರಿ ಎಂದ ಮೇಲೆ ಕಚೇರಿ ಕೊಡಬೇಕು. ಮೋಸ್‌ವೀಲಾದಲ್ಲಿ ಖಾಲಿ ಇದ್ದದ್ದು ಮುಂಬಾಗಿಲ ಹೊರಗಿನ ಗಾಜಿನ ಮೊಗಸಾಲೆ. ಅವಳ ಕೋರಿಕೆಯ ಮೇರೆಗೆ ಮಂಚವನ್ನೂ ಅಲ್ಲಿಗೇ ತಳ್ಳಿದರು. ಮಂಚದಿಂದ ಕೈ ಚಾಚಿದರೆ ಸಿಗುವುದು ಸಂದರ್ಶಕರ ಗಂಟೆ. ಹೊರಗಿನವರು ಕಾಯುವಂತಾಗಬಾರದು, ಆಶ್ರಮದ ಹೆಸರು ಕೆಡುತ್ತದೆ ಎಂಬ ನಿಯಮ ಮೊದಲಿನಿಂದಲೂ ಇದೆ. ಸಿವ್ ಒತ್ತಿದ ಕೂಡಲೇ ಅನ್ನೆಲಿ ಬಂದು ಬಾಗಿಲು ತೆರೆಯುತ್ತಾಳೆ.

“ಸ್ವಾಗತ. ಯಾರನ್ನ ನೋಡ್ಬೇಕಿತ್ತು?”

“ಸಿವ್ ಅಂತ ಒಬ್ಬಳು ಮುದುಕಿ ಇದಾಳಲ್ಲ. ಅವಳಿಗೆ ಶೌಚಕ್ಕೆ ಹೋಗ್ಬೇಕಂತೆ.”

ಅನ್ನೆಲಿ ಕ್ಷಮೆ ಕೇಳಿ ತೋಳು ಕೊಡುತ್ತಾಳೆ. ಸಿವ್ ಮತ್ತೆ ಬಿದ್ದಿಲ್ಲ.

ಸಂಗತಿ ತಿಳಿದು ಆಶ್ರಮದ ಉಳಿದ ವೃದ್ಧರೂ ಪರಸ್ಪರ ಒಳ್ಳೆಯ ಮನುಷ್ಯರಾಗಲು ಅರ್ಜಿ ಹಾಕಿದರು. ಮೊಗಸಾಲೆಯಲ್ಲಿ ಮಂಚಗಳು ಒತ್ತೊತ್ತಾಗಿ ನಿಂತಿವೆ. ಒಳಗಿನ ಕೋಣೆಗಳು ಖಾಲಿ. ಒಳಗಿನಿಂದ ಒಂದು ಕರೆಯೂ ಬಂದಿಲ್ಲವಾದ್ದರಿಂದ ಸ್ವಾವಲಂಬನೆಗಾಗಿ ಮೋಸ್‌ವೀಲಾಕ್ಕೆ ಪ್ರಾಂತ್ಯದ ಪ್ರಶಸ್ತಿ ಬಂತು. ಆಶ್ರಮದ ಪರವಾಗಿ ನಾನೇ ಹೋಗಿ ಸ್ವೀಕರಿಸಿದೆ. ಸಿವ್ ಅನುಮತಿ ಕೊಟ್ಟಿದ್ದಳು, ಟೈ ಬದಲಿಸಬೇಕೆಂಬ ಷರತ್ತಿನ ಮೇಲೆ.

ನನಗೂ ವಯಸ್ಸಾಗುತ್ತಿದೆ. ಬಾಗಿಲಿಗೆ ಹತ್ತಿರದ, ಗಂಟೆ ಎಟಕುವ ಜಾಗದಲ್ಲಿ ನನಗೊಂದು ಮಂಚ ಕಾದಿರಿಸಬೇಕೆಂದು ನನ್ನ ಒಳ್ಳೆಯ ಮನುಷ್ಯನಾಗಿ ಸಿವ್ ಕೋರಿದ್ದಾಳೆ. ಮೋಸ್‌ವೀಲಾದ ಒಳ್ಳೆಯ ಮನುಷ್ಯನಾಗಿ ನಾನು ಅದನ್ನು ಸಹಾನುಭೂತಿಯಿಂದ ಪರಿಗಣಿಸಿ ಮಂಜೂರು ಮಾಡಿದ್ದೇನೆ. ಕಂಬಳಿ ಕೊಡುವ ವಿಚಾರ ಮಾತ್ರ ಇನ್ನೂ ನನ್ನ ಪರಿಶೀಲನೆಯಲ್ಲಿದೆ.