ಅನುಮಾನ ಬಂದರೆ ಹಕಾರ ಹಾಕಿ

ಮೇಷ್ಟ್ರ ಮನೆಯನ್ನು ಹೊರಗಿನಿಂದ ನೋಡಿ ಗುರುತಿಸುವುದು ಕಷ್ಟ. ಎರಡು ಹೆಜ್ಜೆ ಒಳಗಿಟ್ಟರೆ ಸಾಕು, ಏನಾದರೊಂದು ಹಣೆಗೆ ಬಡಿದು ತಾನಾಗಿ ಗೊತ್ತಾಗಿಬಿಡುತ್ತದೆ. ನಮ್ಮ ಮನೆಯಲ್ಲಿ ಮೊದಲು ಬಡಿಯುವುದು ಬಳೆಗಳ ತೋರಣ. ಒಡೆದ ಗಾಜಿನ ಬಳೆಗಳನ್ನು ದೀಪದ ಉರಿಗೆ ಹಿಡಿದು, ಬಗ್ಗಿಸಿ, ಕೊಂಡಿ ಹಾಕಿ, ಹತ್ತನೇ ತರಗತಿಯ ಹೆಣ್ಣುಮಕ್ಕಳು ಬೀಳ್ಕೊಡುಗೆಯ ದಿನ ಕಾಣಿಕೆ ಕೊಟ್ಟದ್ದು. ಅದನ್ನು ದಾಟಿದರೆ ಪ್ಲಾಸ್ಟಿಕ್ ವೈರಿನ ಗಿಳಿ. ಆಮೇಲೆ ಸುಟ್ಟುಹೋದ ಬಲ್ಬಿಗೆ ಕೊಕ್ಕು ಅಂಟಿಸಿ ಮಾಡಿದ ಬಾತುಕೋಳಿ. ಮೂಲೆಯಲ್ಲಿ ಬೆಂಕಿಕಡ್ಡಿಗಳ ಗೋಪುರ. ಕಡ್ಡಿಯ ತುದಿಯ ಮದ್ದನ್ನು ತೆಗೆಯದೆ ಹಾಗೇ ಅಂಟಿಸಿರುವುದರಿಂದ ಆ ಮೂಲೆಯ ಹತ್ತಿರ ದೀಪ ಹಚ್ಚುವುದು ಹತ್ತು ವರ್ಷದಿಂದ ನಿಷಿದ್ಧ. ಹತ್ತಿಯಲ್ಲಿ ಮಾಡಿದ ಹಂಸವೂ ಒಂದಿತ್ತು. ಒಂದು ಸಂಜೆ ಕರೆಂಟು ಹೋದಾಗ ನನ್ನ ಶ್ರೀಮತಿ ಅದರ ಬಾಲವನ್ನು ಬತ್ತಿ ಹೊಸೆದಳು. ಮರುವಾರ ರೆಕ್ಕೆ ಹೋಯಿತು. ಈಗ ಉಳಿದಿರುವುದು ಕುತ್ತಿಗೆಯ ತಂತಿ ಮಾತ್ರ. ಅದಕ್ಕೆ ನಾನು ವಿದ್ಯುತ್ ಬಿಲ್ಲು ಸಿಕ್ಕಿಸುತ್ತೇನೆ.

ಶ್ರೀಮತಿ ಪಾಂಡವಪುರದವಳು, ವ್ಯವಹಾರ ಬಲ್ಲವಳು. ವರ್ಷಕ್ಕೊಮ್ಮೆ, ಯುಗಾದಿಗೆ ಧೂಳು ಹೊಡೆಯುವಾಗ, "ಇದರಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಹೇಳಿ" ಎಂದು ಕೇಳುತ್ತಾಳೆ. ನಾನು ಗಂಭೀರವಾಗಿ ಯೋಚಿಸಿದಂತೆ ಮಾಡಿ ಶಾಲೆಗೆ ಹೊರಟುಬಿಡುತ್ತೇನೆ. ಆದರೆ ಒಂದು ವಸ್ತುವಿನ ವಿಷಯ ಮಾತ್ರ ಅವಳು ಕೇಳುವುದೂ ಇಲ್ಲ, ನಾನು ಹೇಳುವುದೂ ಇಲ್ಲ. ಅದು ನಡುಮನೆಯ ಗೋಡೆಯಲ್ಲಿ, ಬಂದವರಿಗೆಲ್ಲ ಮೊದಲು ಕಾಣುವ ಜಾಗದಲ್ಲಿ ತೂಗುತ್ತಿರುವ, ಗಾಜಿನ ಕಟ್ಟು ಹಾಕಿಸಿದ ಒಂದು ಫಲಕ. ಕನ್ನಡ ಪಂಡಿತನೊಬ್ಬ ಆ ಫಲಕವನ್ನು ತನ್ನ ಗೋಡೆಗೆ ಹಾಕಿಕೊಂಡಿದ್ದಾನೆಂದರೆ ಅವನಿಗೆ ಕನ್ನಡ ಬರುವುದಿಲ್ಲ ಅಥವಾ ನಾಚಿಕೆ ಇಲ್ಲ ಎಂದು ಬಂದವರು ತೀರ್ಮಾನಿಸುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲವಾದ್ದರಿಂದ ಸ್ವಲ್ಪ ವಿವರಿಸಬೇಕಾಗಿದೆ.

ನಾನು ಶ್ರೀರಂಗಪಟ್ಟಣದವನು. ಎರಡೂ ಕಡೆ ಕಾವೇರಿ ಹರಿಯುವ ಊರಲ್ಲಿ ಹುಟ್ಟಿದವನ ನಾಲಗೆ ಶುದ್ಧವಾಗಿರುತ್ತದೆ ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಶ್ರೀಮತಿ ಇದನ್ನು ಒಪ್ಪುವುದಿಲ್ಲ. ಅವಳು ಮದುವೆಯಾಗಿ ಹೊಸ್ತಿಲು ದಾಟಿ ಬಂದ ದಿನ ನಮ್ಮ ತಾಯಿ ಅವಳಿಗೆ ಆಡಿದ ಮೊದಲ ಮಾತೇ "ಒಳೀಕೆ ಓಗು, ಆಲು ಉಕ್ತಾ ಅದೆ ನೋಡವ್ವ" ಎಂಬುದಂತೆ. ಇರಲಿ. ತಾಯಂದಿರನ್ನು ಸಿದ್ಧಾಂತದೊಳಕ್ಕೆ ತರಬಾರದು. ನಾನು ಪದವಿ ಮುಗಿಸಿ, ನಾಗಮಂಗಲದ ಕಡೆಯ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಮಣ್ಣು ಹೊತ್ತು, ಕೊನೆಗೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಂತೆಬಾಚಹಳ್ಳಿಗೆ ಹೋಗುವ ದಾರಿಯ ಒಂದು ಹೈಸ್ಕೂಲಿಗೆ ಬಂದು ಬಿದ್ದೆ. ಬಂದ ವಾರದಲ್ಲೇ ನನಗೆ ತಿಳಿದದ್ದು, ಈ ಸೀಮೆಯಲ್ಲಿ ವರ್ಣಮಾಲೆಗೆ ಒಂದು ಅಕ್ಷರ ಕಡಿಮೆ. ಹಕಾರ ಎಂಬುದು ಇಲ್ಲಿ ಪುಸ್ತಕದಲ್ಲಿ ಮಾತ್ರ ವಾಸ. ಹಾಲು ಆಲು, ಹೂವು ಊವು, ಹಾಡು ಆಡು. ಸಂಗೀತ ಬರುತ್ತದೆಯೇ ಎಂದು ಒಬ್ಬ ಹುಡುಗನನ್ನು ಕೇಳಿದರೆ, "ನಮ್ಮವ್ವ ಬೋ ಚೆಂದಾಗಿ ಆಡ್ತಳೆ ಸಾ" ಎಂದ. ಏನು ಆಡುತ್ತಾಳೆ ಎಂದು ತಿಳಿದುಕೊಳ್ಳಲು ನನಗೆ ಅರ್ಧ ಪೀರಿಯಡ್ಡು ಹಿಡಿಯಿತು. ಹತ್ತನೇ ಕ್ಲಾಸಿಗೆ ಅವರೆಲ್ಲ 'ಅತ್ತನೇ ಕ್ಲಾಸು' ಎನ್ನುತ್ತಿದ್ದರು. ಅಲ್ಲಿ ನಡೆಯುವುದನ್ನು ನೋಡಿದರೆ ಆ ಹೆಸರನ್ನು ತಿದ್ದಲು ನನಗೆ ಮನಸ್ಸು ಬರಲಿಲ್ಲ.

ಆದರೆ ಯುದ್ಧ ಸಾರಿದ್ದು ಒಂದು ರಜಾ ಚೀಟಿಯ ದೆಸೆಯಿಂದ. ಒಂಬತ್ತನೇ ತರಗತಿಯವನೊಬ್ಬ ದುಂಡಗೆ ಬರೆದು ತಂದಿದ್ದ: "ನಮ್ಮ ಅಸು ಓಗಿರುವುದರಿಂದ ಉಡುಕಲು ಒಂದು ದಿನ ರಜ ಕೊಡಬೇಕಾಗಿ ಬೇಡುತ್ತೇನೆ." ಹಸು ತಪ್ಪಿಸಿಕೊಂಡಿತ್ತು, ಪಾಪ. ಆದರೆ ಅಸು ಎಂದರೆ ಪ್ರಾಣ. ಪ್ರಾಣ ಹೋದವನು ಅದನ್ನು ಹುಡುಕಿಕೊಂಡು ಬರಲು ಒಂದೇ ದಿನ ರಜೆ ಕೇಳುವ ವಿನಯವನ್ನು ನಾನು ಅದುವರೆಗೆ ಯಾವ ಸರ್ಕಾರಿ ನೌಕರನಲ್ಲೂ ಕಂಡಿರಲಿಲ್ಲ. ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಪಕ್ಕದಲ್ಲಿ "ಯಾರ ಅಸು?" ಎಂದು ಬರೆದು ಹಿಂದಿರುಗಿಸಿದೆ. ಅದಕ್ಕೂ ಮುಂಚೆ ಹೆಡ್‌ಮಾಸ್ಟರಿಗೆ ತೋರಿಸಿ ಇಬ್ಬರೂ ನಕ್ಕೆವು. ಅವರು ಸ್ವಲ್ಪ ಜಾಸ್ತಿಯೇ ನಕ್ಕರು, ಚೀಟಿಯ ಮಾತನ್ನು ನೆನಪಿನಲ್ಲೂ ಇಟ್ಟುಕೊಂಡರು.

ಅಂದಿನಿಂದ ನನ್ನ ತರಗತಿಯಲ್ಲಿ ಹಕಾರ ಬಿಟ್ಟವನಿಗೆ ಒಂದೇ ಶಿಕ್ಷೆ: ಎದ್ದು ನಿಂತು ಆ ಮಾತನ್ನು ಮೂರು ಸಲ ಹೇಳಬೇಕು. "ಹೊಟ್ಟೆಯಿಂದ ಬರಬೇಕು" ಎಂಬುದು ನನ್ನ ಮಂತ್ರ. "ಒಟ್ಟೆಯಿಂದ್ಲೇ ಬತ್ತಾ ಅದೆ ಸಾ" ಎಂದು ಅವರು. ಈ ಶಿಕ್ಷೆಯನ್ನು ಅತಿ ಹೆಚ್ಚು ಉಂಡವಳು ಬೋರೇಗೌಡರ ಮಗಳು. ನಾಲೆಯಲ್ಲಿ ಹೇಮಾವತಿ ನೀರು ಬರುತ್ತದೆ ಎಂಬ ಸುದ್ದಿಯ ಖುಷಿಯಲ್ಲಿ ಅಪ್ಪ ಅವಳಿಗೆ ಹೇಮಾವತಿ ಎಂದೇ ಹೆಸರಿಟ್ಟಿದ್ದರು. ಆದರೆ ಮನೆಯಲ್ಲಿ ಯಾರಿಗೂ ಆ ಹೆಸರು ಹೇಳಲು ಬರುತ್ತಿರಲಿಲ್ಲ. ದಿನಾ ಹಾಜರಿ ಕೂಗುವಾಗ "ಏಮಾವತಿ ಸಾ" ಎನ್ನುವಳು. ನಾನು "ಯಾರು?" ಎನ್ನುವೆ. ಅವಳು ಮೂರು ಸಲ ಹೇಳುವಳು. ಎಂಟನೇ ತರಗತಿಯಲ್ಲಿ ಶುರುವಾದ ಈ ಪಾರಾಯಣ ಹತ್ತನೇ ತರಗತಿಯ ದಸರಾ ರಜೆಯವರೆಗೆ ನಡೆಯಿತು. ರಜೆ ಮುಗಿಸಿ ಬಂದ ದಿನ ಹುಡುಗಿ ಎದ್ದು ನಿಂತು "ಹೇಮಾವತಿ" ಎಂದಳು ನೋಡಿ, ಹೊಟ್ಟೆಯಿಂದ ಬಂದ ಆ ಹಕಾರಕ್ಕೆ ಮುಂದಿನ ಬೆಂಚಿನ ಪುಸ್ತಕದ ಹಾಳೆ ಹಾರಿತು. ನಾನು ಗೆದ್ದೆ ಎಂದುಕೊಂಡೆ.

ಗೆದ್ದವನು ಸುಮ್ಮನಿರಬೇಕು. ನಾನು ಸುಮ್ಮನಿರಲಿಲ್ಲ. ಪರೀಕ್ಷೆ ಹತ್ತಿರ ಬಂದು, ಉಳಿದವರು ಎಲ್ಲಿ ಹ, ಎಲ್ಲಿ ಅ ಎಂದು ತಲೆ ಚಚ್ಚಿಕೊಳ್ಳುತ್ತಿದ್ದಾಗ ಬೇಸತ್ತು ಒಂದು ಸೂತ್ರ ಕೊಟ್ಟೆ: "ಅನುಮಾನ ಬಂದರೆ ಹಕಾರ ಹಾಕ್ರಯ್ಯ. ಹಾಕಿ ತಪ್ಪಿದವನನ್ನು ಕ್ಷಮಿಸಿಯೇನು, ಬಿಟ್ಟು ತಪ್ಪಿದವನನ್ನು ಕ್ಷಮಿಸಲಾರೆ." ಮಕ್ಕಳು ಬರೆದುಕೊಂಡರು. ನಾನು ಹೇಳಿದ್ದನ್ನು ಅವರು ಅಷ್ಟು ಶ್ರದ್ಧೆಯಿಂದ ಬರೆದುಕೊಂಡದ್ದು ಅದೇ ಮೊದಲು. ಆಗಲೇ ನನಗೆ ಭಯವಾಗಬೇಕಿತ್ತು.

ಇನ್ನೊಂದು ತಪ್ಪೂ ನನ್ನದೇ. ಬೀಳ್ಕೊಡುಗೆಯ ದಿನ ಮಕ್ಕಳು ಕೈಯಾರೆ ಮಾಡಿದ ಕಾಣಿಕೆಯಲ್ಲಿ ಏನು ಬರೆದಿದೆಯೋ ಅದನ್ನು ಪಡೆದವರು ಮೈಕಿನಲ್ಲಿ ಓದಬೇಕು ಎಂಬ ಪದ್ಧತಿಯನ್ನು ಆ ಶಾಲೆಗೆ ತಂದವನು ನಾನು. ಶುದ್ಧ ಉಚ್ಚಾರಣೆ ಊರಿನವರ ಕಿವಿಗೂ ಬೀಳಲಿ ಎಂಬ ಘನ ಉದ್ದೇಶ.

ಸಮಾರಂಭಕ್ಕೆ ಒಂದು ವಾರ ಇರುವಾಗ ಬೋರೇಗೌಡರು ಹಾಲಿನ ಡೈರಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದರು. ಗಟ್ಟಿ ಮನುಷ್ಯ, ಅಕ್ಷರ ರುಜು ಹಾಕುವಷ್ಟು. ಮಗಳು ಪೇಟೆಯ ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ, ತಮಗೆ ಯಾವುದೂ ಗೊತ್ತಾಗುತ್ತಿಲ್ಲ ಎಂದರು. "ಮೂರು ವರ್ಸದಲ್ಲಿ ಅದೇನ್ ಕಲ್ತವ್ಳೆ ಅಂತ ನಂಗೇನ್ ಕಂಡದು ಮೇಷ್ಟ್ರೇ? ಅದೇನೋ ನಿಮಗೆ ಅಂತ ಮಾಡ್ತಾವ್ಳೆ, ಮನೇಲಿರೋ ಬತ್ತ ಎಲ್ಲಾ ಒಂದೊಂದೇ ಕಾಳು ಆರಿಸ್ತಾ ಕುಂತವ್ಳೆ. ಅವತ್ತು ಬಂದು ನೋಡ್ತೀನಿ. ನಾಕು ಜನ ಮೆಚ್ಚೋ ಅಂಗಿದ್ರೆ ಕಾಲೇಜು. ನಗೋ ಅಂಗಿದ್ರೆ, ಮನೇಲಿ ಎಮ್ಮೆ ಅವೆ." ಮೆಚ್ಚದೆ ಏನು ಎಂದು ನಾನು ಧೈರ್ಯ ಹೇಳಿ ಕಳಿಸಿದೆ.

ಆ ದಿನ ಬಂತು. ಕಂಬಕ್ಕೆ ಕಬ್ಬಿನ ಜಲ್ಲೆ ಕಟ್ಟಿದ್ದರು, ಮೈಕಿನವನು ಹಲೋ ಹಲೋ ಎನ್ನಲು ಹೋಗಿ ಅಲೋ ಅಲೋ ಎಂದು ಮುಗಿಸಿದ. ಗಂಡಸರ ಸಾಲಿನಲ್ಲಿ ಮುಂದೆ, ಮಡಿಸಿದ ಟವಲನ್ನು ತೊಡೆಯ ಮೇಲಿಟ್ಟುಕೊಂಡು ಬೋರೇಗೌಡರು. ಹೇಮಾವತಿ ಮತ್ತು ಅವಳ ಗೆಳತಿ ದಿನಪತ್ರಿಕೆ ಸುತ್ತಿದ ಫಲಕವನ್ನು ಹೊತ್ತು ವೇದಿಕೆಗೆ ಬಂದು, ಪತ್ರಿಕೆ ಬಿಚ್ಚಿ, ಜನರ ಕಡೆಗೆ ತಿರುಗಿಸಿ ಎತ್ತಿ ಹಿಡಿದರು. ಜನ ಹಾ ಎಂದರು. ನಾನು ಪಕ್ಕಕ್ಕೆ ಬಂದು ಇಣುಕಿದೆ. ಕಪ್ಪು ಮಕಮಲ್ಲಿನ ಮೇಲೆ, ಭತ್ತದ ಕಾಳು ಒಂದರ ಬೆನ್ನಿಗೊಂದು ಅಂಟಿಸಿ, ಚಿನ್ನದ ಸರದಂತೆ ಹೊಳೆಯುವ ಅಕ್ಷರಗಳು. ಸುತ್ತಲೂ ರೇಷ್ಮೆಗೂಡನ್ನು ಕತ್ತರಿಸಿ, ಬಣ್ಣ ಅದ್ದಿ ಮಾಡಿದ ಗುಲಾಬಿ ಹೂಗಳು. ಅಂಥ ಕೈಕೆಲಸವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೆಚ್ಚಿ ತಲೆದೂಗುತ್ತಲೇ ಅಕ್ಷರಗಳನ್ನು ಓದಿದೆ.

"ಹಕ್ಷರ ಕಲಿಸಿದ ಹಾಚಾರ್ಯರಿಗೆ ಹನಂತ ವಂದನೆಗಳು. ಹರ್ಪಣೆ: ಹತ್ತನೇ ತರಗತಿ. ಕೈಕೆಲಸ: ಹೇಮಾವತಿ."

ಅನುಮಾನ ಬಂದಲ್ಲೆಲ್ಲ ಹಾಕಿದ್ದಳು. ಅನುಮಾನ ಎಲ್ಲ ಕಡೆಯೂ ಬಂದಿತ್ತು.

ತೂಗುತ್ತಿದ್ದ ತಲೆ ಅಲ್ಲೇ ನಿಂತಿತು. ಹೆಡ್‌ಮಾಸ್ಟರು ಕನ್ನಡಕ ಏರಿಸಿ ಫಲಕವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಮೈಕು ನನ್ನ ಮುಂದೆ. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಮೇಷ್ಟ್ರುಗಳ ಸಾಲು ನಗುತ್ತದೆ, ಅವರು ನಕ್ಕರೆ ಊರು ನಗುತ್ತದೆ, ಊರು ನಕ್ಕರೆ ಎಮ್ಮೆ. ತಪ್ಪು ಎಂದು ಹೇಳಿ ತಿದ್ದಿದರೂ ಎಮ್ಮೆಯೇ. ಹುಡುಗಿ ಫಲಕದ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಾಳೆ. ಮೂರು ವರ್ಷದ ಮೇಲೆ ಮೇಷ್ಟ್ರು ಒಂದೂ ತಪ್ಪು ಹುಡುಕಲಾರರು ಎಂಬ ನಂಬಿಕೆ ಅವಳ ಮುಖದಲ್ಲಿ.

ಆಗ ನನಗೆ ಹೊಳೆದದ್ದು ನನ್ನ ಬುದ್ಧಿಯಿಂದಲ್ಲ, ನಮ್ಮ ತಾಯಿಯ ಪುಣ್ಯದಿಂದ. ಈ ಫಲಕವನ್ನು ಈ ಊರಿನವರು ಓದುವ ಹಾಗೆ ಓದಿದರೆ? ಹಕಾರವನ್ನೆಲ್ಲ ನುಂಗಿಬಿಟ್ಟರೆ? ಒಂದಿಷ್ಟೂ ದೋಷವಿಲ್ಲದ ಅಪ್ಪಟ ಕನ್ನಡ! ಗಂಟಲು ಸರಿಮಾಡಿಕೊಂಡು, ಏಳು ವರ್ಷ ಯಾವುದರ ವಿರುದ್ಧ ಕಾದಾಡಿದ್ದೆನೋ ಅದನ್ನೇ ನಾಲಗೆಯ ಮೇಲೆ ಕೂರಿಸಿಕೊಂಡು ಓದಿದೆ. "ಅಕ್ಷರ ಕಲಿಸಿದ ಆಚಾರ್ಯರಿಗೆ..." ಮಕ್ಕಳ ಸಾಲಿನಲ್ಲಿ ಗುಸುಗುಸು ಎದ್ದಿತು. ಅವರ ಲೆಕ್ಕದಲ್ಲಿ ಬರೆದಿರುವುದೇ ಸರಿ, ಮೇಷ್ಟ್ರು ಹಕಾರ ಬಿಡುತ್ತಿದ್ದಾರೆ. "ಅನಂತ ವಂದನೆಗಳು. ಅರ್ಪಣೆ..." ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಇಳಿಜಾರಿನಲ್ಲಿ ಬಿಟ್ಟ ಎತ್ತಿನಗಾಡಿ ಅರ್ಧದಲ್ಲಿ ನಿಲ್ಲುತ್ತದೆಯೇ? "ಅತ್ತನೇ ತರಗತಿ. ಕೈಕೆಲಸ, ಏಮಾವತಿ" ಎಂದು ಮೈಕಿನಲ್ಲಿ, ನಾಲ್ಕು ದಿಕ್ಕಿಗೂ ಕೇಳುವಂತೆ, ಪೂರೈಸಿದೆ.

ಮೇಷ್ಟ್ರುಗಳು ನೆಲ ನೋಡಿದರು. ಆಗ ನನ್ನ ಪಕ್ಕದಿಂದ, ಮೈಕಿಗೂ ಬೀಳುವಷ್ಟು ಸ್ಪಷ್ಟವಾಗಿ, ಆ ಹುಡುಗಿಯ ದನಿ ಬಂತು:

"ಹೇಮಾವತಿ ಸಾ. ಹೊಟ್ಟೆಯಿಂದ ಬರ್ಬೇಕು."

ನಗು ಎಂದರೆ ನಗು. ಕಬ್ಬಿನ ಜಲ್ಲೆ ಅಲ್ಲಾಡಿತು. ಆದರೆ ಆ ನಗು ನನ್ನ ಮೇಲೆ. ಫಲಕದ ಮೇಲೆ ಅಲ್ಲ. ಕಾನೂನು ಕಾನೂನೇ, ಮೈಕನ್ನು ಹತ್ತಿರ ಎಳೆದುಕೊಂಡು ಮೂರು ಸಲ ಹೇಳಿದೆ. ಮೂರನೆಯದಕ್ಕೆ ಅವಳು ಸರಿ ಎಂಬಂತೆ ತಲೆಯಾಡಿಸಿದಳು. ನಾನು ಬೋರೇಗೌಡರ ಕಡೆ ನೋಡಲಾರದೆ ನೋಡಿದೆ. ಅವರು ನಗುತ್ತಿರಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡು ಪಕ್ಕದವರಿಗೆ ಹೇಳುತ್ತಿದ್ದ ಮಾತು ವೇದಿಕೆಗೇ ಕೇಳಿಸಿತು.

"ನೋಡ್ಲಾ, ಮೇಷ್ಟ್ರಿಗೇ ತಿದ್ತಾಳೆ ಕಣ್ಲಾ. ಇವ್ಳ್ನ ಎಮ್ಮೆ ಕಾಯಕ್ಕೆ ಬುಟ್ರೆ ಎಮ್ಮೆಗೂ ತಿದ್ತಾಳೆ. ಕಾಲೇಜಿಗೇ ಓಗ್ಲಿ ಬುಡು."

ಮಾರನೆಯ ದಿನ ವಿಶೇಷ ತರಗತಿ ಕರೆದು, "ಅನುಮಾನ ಬಂದರೆ" ಎಂಬ ಸೂತ್ರವನ್ನು ತತ್‌ಕ್ಷಣದಿಂದ ರದ್ದುಪಡಿಸಲಾಗಿದೆ ಎಂದು ಘೋಷಿಸಿದೆ. ಯಾವ ಮಾತಿಗೆ ಹ, ಯಾವುದಕ್ಕೆ ಅ ಎಂದು ಪಟ್ಟಿ ಬರೆಸಿದೆ. 'ಅಕ್ಷರ' ಬಂದಾಗ ಹೇಮಾವತಿಯ ಕೈ ನಿಂತಿತು. ತರಗತಿ ಮುಗಿದ ಮೇಲೆ ಬಂದು, ಫಲಕ ವಾಪಸ್ಸು ಕೊಡಿ ಸಾ, ಭತ್ತ ಕಿತ್ತು ಸರಿಮಾಡಿ ಕೊಡ್ತೀನಿ ಎಂದಳು. ಕಣ್ಣಲ್ಲಿ ನೀರಿತ್ತು. ಬೇಡ, ಅದು ನಿನ್ನ ತಪ್ಪಲ್ಲ, ನನ್ನ ಪಾಠ ನೀನು ಅಂಟಿಸಿದ್ದೀಯ ಅಷ್ಟೇ ಎಂದೆ. ಹುಡುಗಿ ಪರೀಕ್ಷೆಯಲ್ಲಿ ಪಾಸಾಗಿ, ಈಗ ದಿನಾ ಬೆಳಗಿನ ಬಸ್ಸಿಗೆ ಪೇಟೆಗೆ ಹೋಗುತ್ತಾಳೆ. ಕಂಡಕ್ಟರು ಪಾಸಿನಲ್ಲಿ ಹೆಸರು ಓದಿ "ಏಮಾವತಿ" ಎಂದರೆ ತಿದ್ದದೆ ಬಿಡುವುದಿಲ್ಲವಂತೆ. ಫಲಕ ನಮ್ಮ ಗೋಡೆಯಲ್ಲೇ ಇದೆ.

ತೊಂದರೆ ಆದದ್ದು ನನಗೆ. ಇಳಿಜಾರಿನಲ್ಲಿ ಬಿಟ್ಟ ಗಾಡಿ ಇನ್ನೂ ನಿಂತಿಲ್ಲ. ಶ್ರೀಮತಿಯನ್ನು ಬೆಳಗಾಗೆದ್ದು ಆಲು ಕಾಯ್ದಿದೆಯಾ ಎಂದು ಕೇಳುತ್ತೇನೆ. ಅತ್ತೆಯ ದನಿ ಕೇಳಿದ ಹಾಗಾಯಿತು ಎನ್ನುತ್ತಾಳೆ. ಕಳೆದ ತಿಂಗಳು ಅವಳು ಸಾಕಿರುವ ಸೀಮೆಹಸು ಕರು ಹಾಕುವ ಹೊತ್ತು ಬಂದು, ಅವಸರದಲ್ಲಿ ಅರ್ಧ ದಿನದ ರಜೆಗೆ ಚೀಟಿ ಬರೆದು ಹೆಡ್‌ಮಾಸ್ಟರ ಮೇಜಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಚೀಟಿ ಮಂಜೂರಾಗಿ ವಾಪಸ್ಸು ಬಂತು. ಒಂದು ಮಾತಿಗೆ ಕೆಂಪು ಶಾಯಿಯಲ್ಲಿ ದುಂಡಗೆ ಸುತ್ತುಹಾಕಿ, ಪಕ್ಕದಲ್ಲಿ ಎರಡೇ ಪದ ಬರೆದಿದ್ದರು: "ಯಾರ ಅಸು?"