ಮೂರು ಮನೆಯ ಒಂದೇ ರಸ್ಸಾ

ಕೊಲ್ಹಾಪುರದ ಕಾಲೇಜಿನಲ್ಲಿ ಮಯೂರಿಗೆ ಜ್ಞಾನೋದಯವಾದದ್ದು ಊಟದ ಬಿಡುವಿಗೆ ಸ್ವಲ್ಪ ಮುಂಚೆ. ಮೇಡಮ್ ಪರದೆಯ ಮೇಲೆ ಡೆನ್ಮಾರ್ಕಿನ ಫೋಟೋ ಹಾಕಿದ್ದರು. ಸುತ್ತಲೂ ಮನೆಗಳು, ನಡುವೆ ಹುಲ್ಲು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಅದರೊಳಗೆ ಗಡ್ಡದ ಗಂಡಸರು ನಗುನಗುತ್ತಾ ಗಜ್ಜರಿ ಹೆಚ್ಚುತ್ತಿದ್ದಾರೆ. ಕೋ-ಹೌಸಿಂಗ್! ಮಯೂರಿ ಬೆಂಚು ಹತ್ತಿ ಕುಣಿಯುವುದೊಂದೇ ಬಾಕಿ. ಯಾಕೆಂದರೆ ಆಗಷ್ಟೇ ಇಚಲಕರಂಜಿಯ ಅಂಚಿನಲ್ಲಿ ಅವಳ ಅಪ್ಪ ಕೇದಾರಿ, ಅವನ ಜೊತೆ ಮಗ್ಗ ರಿಪೇರಿ ಮಾಡುವ ತಾತೋಬಾ, ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತಳಾದ ದುಂಡವ್ವ, ಮೂವರೂ ಕೂಡಿ ಒಂದೇ ಪ್ಲಾಟಿನಲ್ಲಿ ಮೂರು ಮನೆ ಕಟ್ಟಿಸುತ್ತಿದ್ದರು. ಪ್ಲಾಟು ಒಂದು, ಅಂಗಳ ಒಂದು, ಬೋರು ಒಂದು. ಅಡುಗೆಮನೆಯನ್ನೂ ಒಂದು ಮಾಡಿಬಿಟ್ಟರೆ ಡೆನ್ಮಾರ್ಕ್ ಆಗಿಹೋಯಿತಲ್ಲ!

(ಸಣ್ಣದೊಂದು ಕಾರಣ ಬೇರೆಯೂ ಇತ್ತು. ಜಂಪರು ಹೊಲಿಯುವ ಅವಳ ತಾಯಿ ಮಂಗಲ, "ಹೊಸಾ ಮನಿಗಿ ಹೋದ ಮ್ಯಾಲೆ ಅಡಗಿ ನಿಂದು, ನಾ ಮಷೀನ ಬಿಟ್ಟು ಏಳಂಗಿಲ್ಲ" ಎಂದು ಸಾರಿಬಿಟ್ಟಿದ್ದಳು. ಹುಟ್ಟಿದಾಗಿನಿಂದ ಮಯೂರಿಗೆ ಅಡುಗೆಮನೆಯಲ್ಲಿ ಹತ್ತಿರದ ಪರಿಚಯ ಎಂದರೆ ಫ್ರಿಜ್ಜಿನದು ಮಾತ್ರ.)

"ಅಪ್ಪಾ, ಇದು ಲಿಟರಲೀ ಟ್ರಸ್ಟ್ ಬಿಲ್ಡಿಂಗ್!"

"ಯಾವ ಟ್ರಸ್ಟಿನ ಬಿಲ್ಡಿಂಗವ್ವಾ? ನಾವು ನಮ್ಮ ರೊಕ್ಕದಾಗ ಕಟ್ಟಾಕತ್ತೇವಿ."

ಹೀಗೆ ಅರ್ಥವಾಗದಿದ್ದರೂ ಗಂಡಸರು ಒಪ್ಪಿದರು. ಹೆಂಗಸರು ಇನ್ನೂ ಬೇಗ ಒಪ್ಪಿದರು, ಯಾಕೆಂದರೆ ಆ ಒಂದು ಅಡುಗೆಮನೆಯ ಯಜಮಾನಿ ತಾನೇ ಎಂದು ಮೂವರಿಗೂ ಖಾತ್ರಿಯಿತ್ತು.

ಮನೆಗಳು ಎದ್ದವು, ನಡುವೆ ಕೂಡು ಅಡುಗೆಮನೆಯೂ ಎದ್ದಿತು. ಆದರೆ ಒಲೆ ಹೊತ್ತುವ ಮೊದಲೇ ಬೆಂಕಿ ಹೊತ್ತಿದ್ದು ಖಾರಕ್ಕೆ. ಅಲ್ಲಿ ಮನೆಮನೆಗೂ ಬೇಸಿಗೆಯಲ್ಲಿ ಮಸಾಲೆ ಖಾರ ಕುಟ್ಟಿಸಿ, ಮೇಲೊಂದು ಇಂಗಿನ ಹರಳಿಟ್ಟು, ವರ್ಷಕ್ಕಾಗುವಷ್ಟು ಭರಣಿಗೆ ತುಂಬುತ್ತಾರೆ. ಗಂಡನನ್ನು ಬೈದರೆ ಹೆಂಡತಿ ನಕ್ಕಾಳು, ಖಾರವನ್ನು ಬೈದರೆ ಮಾತು ಬಿಟ್ಟಾಳು. ತಾತೋಬಾನ ಹೆಂಡತಿ ಬಯಾಬಾಯಿಯ ಖಾರದಲ್ಲಿ ಒಣಕೊಬ್ಬರಿ ಜಾಸ್ತಿ, ಮಂಗಲಳದರಲ್ಲಿ ಬೆಳ್ಳುಳ್ಳಿ ಜಾಸ್ತಿ, ದುಂಡವ್ವನದರಲ್ಲಿ ದುಂಡವ್ವನೇ ಜಾಸ್ತಿ. ಕೂಡು ಪಾತೇಲಿಗೆ ಯಾರ ಖಾರ ಬೀಳಬೇಕು?

ಮಯೂರಿ ಶಾಂತಿದೂತಳಾದಳು. ಮೂವರನ್ನೂ ಎಸ್‌ಟಿ ಬಸ್ಸಿಗೆ ಹತ್ತಿಸಿ ಗಡಹಿಂಗ್ಲಜಕ್ಕೆ ಒಯ್ದಳು, ಸಂಕೇಶ್ವರಿ ಮೆಣಸಿನಕಾಯಿ ಕೊಡಿಸಿದಳು, ಕುಟ್ಟುವ ಯಂತ್ರ ಡಂಕಿನ ಮುಂದೆ ನಿಂತು ಕೂಡು ಖಾರ ಕುಟ್ಟಿಸಿದಳು. ಒಬ್ಬಳು ಕೊಬ್ಬರಿ ಹೆಚ್ಚು ಅಂದರೆ ಇಬ್ಬರು ಬೇಡ ಅಂದರು, ಒಬ್ಬಳು ಬೆಳ್ಳುಳ್ಳಿ ಅಂದರೂ ಅದೇ ಗತಿ. ಎಲ್ಲರ ಒಪ್ಪಿಗೆಯಿಂದ ತಯಾರಾದ ಆ ಖಾರಕ್ಕೆ ಯಾರ ರುಚಿಯೂ ಇರಲಿಲ್ಲ. ನೋಡಲಿಕ್ಕೆ ಕೆಂಪು, ಸ್ವಭಾವದಲ್ಲಿ ಬಲು ಸಭ್ಯ.

ದುಂಡವ್ವ ಒಂದು ಟೆಂಪೊ ಇಟ್ಟಿಗೆ ತರಿಸಿ ಅಂಗಳದಲ್ಲಿ ಇಳಿಸಿದಳು.

"ಐತಾರ ಕೂಡಿ ಉಂಡು ನೋಡೂಣು. ಬಾಯಿಗಿ ಹತ್ತಿದ್ರ ಚಲೋ ಆತು. ಹತ್ತಲಿಲ್ಲಂದ್ರ ಸ್ವಾಮಾರ ಗವಂಡಿ ಬರ್ತಾನ. ನಡುವ ಗ್ವಾಡಿ, ಮೂರ ಮನಿಗಿ ಮೂರ ಒಲಿ!"

"ಆಯೀ, ಪ್ಲೀಸ್! ಟ್ರಸ್ಟ್ ಇಡ್ರಿ!" ಎಂದ ಮಯೂರಿ, ಕೂಡು ಖಾರದ ಭರಣಿ ಮುಟ್ಟಿಸಿ ಎಲ್ಲರಿಂದ ಆಣೆ ಹಾಕಿಸಿದಳು. ಮನೆಯಿಂದ ಯಾರೂ ಒಂದು ಚಿಟಿಕೆ ಖಾರವನ್ನೂ ತರಕೂಡದು.

ಭಾನುವಾರ ಮಟನ್ನಿನ ಕೆಂಪು ಸಾರು, ತಾಂಬಡಾ ರಸ್ಸಾ, ಕುದಿಯಿತು. ಮಯೂರಿ ಸೌಟಿನ ತುದಿಯಿಂದ ನೆಕ್ಕಿ ನೋಡಿದಳು. ಬಣ್ಣ ಹಚ್ಚಿದ ಬಿಸಿನೀರು! ಕಣ್ಣ ಮುಂದೆ ಗೋಡೆ ಎದ್ದಿತು, ಗೋಡೆಯಾಚೆ ಒಲೆ, ಒಲೆಯ ಮುಂದೆ ಹಿಟ್ಟು ಮೆತ್ತಿದ ತಾನು.

ಅಷ್ಟರಲ್ಲಿ ಬಯಾಬಾಯಿ "ಉರಿ ನೋಡಿ ಬರ್ತೇನಿ" ಎಂದು ಒಬ್ಬಳೇ ಒಳಗೆ ಹೋಗಿ ಬಂದಳು. ಮಂಗಲ "ನೀರ ನೋಡಿ ಬರ್ತೇನಿ" ಎಂದು ಹೋಗಿ ಬಂದಳು. ದುಂಡವ್ವ ಏನೂ ಹೇಳದೆಯೇ ಹೋಗಿ ಬಂದಳು. ಮೂವರೂ ಸೆರಗು ಕೊಡವುತ್ತಲೇ ಹೊರಬಂದರು. ಆಹಾ, ಏನು ಸಹಕಾರ, ಸೋ ಕ್ಯೂಟ್ ಎಂದು ಮಯೂರಿಗೆ ಎದೆ ಉಬ್ಬಿತು. ಕೊನೆಗೆ ತಾನೂ ಒಳಗೆ ಹೋದಳು. ಬ್ಯಾಗಿನಲ್ಲಿ ಕೊಲ್ಹಾಪುರದ ಅಂಗಡಿಯ ಮಸಾಲೆ ಪಾಕೀಟು ಇತ್ತು (ಸುಮ್ಮನೆ, ಮುಂಜಾಗ್ರತೆಗೆ, ನಂಬಿಕೆ ಬೇರೆ, ಮುಂಜಾಗ್ರತೆ ಬೇರೆ). ಹಲ್ಲಿನಿಂದ ಹರಿದು ಇಡೀ ಪಾಕೀಟನ್ನು ಸುರಿದು, ಕೈಯನ್ನು ಜೀನ್ಸಿಗೆ ಒರೆಸಿಕೊಂಡಳು.

ಪಂಕ್ತಿ ಕೂತಿತು. ಮಯೂರಿ ಮಾತ್ರ ಉಣ್ಣಲು ಕೂರದೆ, ಮೇಡಮ್‌ಗೆ ತೋರಿಸಲು ಫೋನಿನಲ್ಲಿ ವಿಡಿಯೋ ಮಾಡುತ್ತಾ ನಿಂತಳು.

ಮೊದಲ ತುತ್ತಿಗೆ ತಾತೋಬಾನ ಕಿವಿ ಕೆಂಪಾದವು. "ಖಾರ... ಭಾಳ ಚಲೋ..." ಎಂದವನು ವಾಕ್ಯ ಮುಗಿಸಲು ಬೋರಿನ ನಲ್ಲಿಯವರೆಗೆ ಓಡಿದ. ಕೇದಾರಿಗೆ ಬಿಕ್ಕಳಿಕೆ ಹತ್ತಿ ಮಾತೇ ನಿಂತಿತು.

"ಯಾರ ಹಾಕಿದ್ರಿ?" ದುಂಡವ್ವ ಗುಡುಗಿದಳು.

"ನನ್ನ ಯಾಕ ನೋಡ್ತೀರಿ ಆಯೀ? ನಿಮ್ಮ ಸೆರಗ ಕೆಂಪ ಯಾಕಾಗೈತಿ?" ಎಂದಳು ಬಯಾಬಾಯಿ.

"ಹಂಗಾರ ನಿನ್ನ ಉಗರ?"

"ಹಾಕೇನಿ, ಒಂದ ಮುಷ್ಟಿ! ಸಪ್ಪಗ ಇತ್ತು!"

"ನಾನೂ ಹಾಕೇನಿ," ಎಂದಳು ಮಂಗಲ ನೆಲ ನೋಡುತ್ತಾ.

"ನಾ ಹಿರಿಯಾಕಿ, ನಾ ಎರಡ ಮುಷ್ಟಿ ಹಾಕೇನಿ," ಎಂದು ದುಂಡವ್ವ ಎದ್ದು ನಿಂತಳು. "ಸ್ವಾಮಾರ ತನಕ ಯಾಕ? ಗವಂಡಿಗಿ ಈಗ ಫೋನ್ ಹಚ್ಚ್ರಿ!"

ಗೋಡೆ! ಮಯೂರಿ ಫೋನು ಕೆಳಗಿಟ್ಟು ಅಂಗಳದ ನಡುವೆ ಬಂದಳು. "ಆಣೆ ಮಾಡಿ ಮುರದ್ರೆಲ್ಲಾ! ಒಂದ ದಿನ, ಒಂದ ದಿನ ಒಬ್ಬರ ಮ್ಯಾಲೆ ಒಬ್ಬರು ಟ್ರಸ್ಟ್ ಇಡಾಕ ಆಗಲಿಲ್ಲ! ಡೆನ್ಮಾರ್ಕದಾಗ..." ನಿಜವಾದ ಕಣ್ಣೀರೇ ಬಂತು. ಎಲ್ಲರ ತಲೆ ತಗ್ಗಿತು. ಮಯೂರಿ ಕಣ್ಣೊರೆಸಿಕೊಂಡಳು, ಬೆರಳುಗಳಿಂದ, ಚೆನ್ನಾಗಿ ತಿಕ್ಕಿ.

ಆಮೇಲೆ ಹೊರಟ ಕಿರುಚಾಟಕ್ಕೆ ಪಕ್ಕದ ಮಗ್ಗಗಳು ನಿಂತವಂತೆ. ಮಯೂರಿ ಇಟ್ಟಿಗೆ ರಾಶಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಳು. ಮಂಗಲ ಚೊಂಬಿನಲ್ಲಿ ನೀರು ಹಿಡಿದು ಓಡಿದಳು, ಕಣ್ಣಿಗೆ ಚಿಮುಕಿಸಿದಳು, ಚಿಮುಕಿಸುತ್ತಾ ಚಿಮುಕಿಸುತ್ತಾ ಥಟ್ಟನೆ ಕೈ ನಿಲ್ಲಿಸಿದಳು.

"ನೀ ಇನ್ನೂ ತಾಟ ಮುಟ್ಟಿಲ್ಲ. ಕೈಗಿ ಖಾರ ಎಲ್ಲಿಂದ ಬಂತು?"

ಬಯಾಬಾಯಿ ಆ ಬೆರಳು ಹಿಡಿದು ಮೂಸಿದಳು. "ಅಗ ಬಾಯೀ! ಇದು ಮನಿ ಖಾರಲ್ಲ. ಅಂಗಡಿ ಪಾಕೀಟ!"

ಈಗಷ್ಟೇ ಜುಟ್ಟು ಹಿಡಿಯಲು ಸಿದ್ಧರಾಗಿದ್ದ ಮೂವರು ಹೆಂಗಸರು ನಿಧಾನವಾಗಿ ಒಂದೇ ಕಡೆ ಬಂದು ನಿಂತರು. ಬಯಾಬಾಯಿ ಮಂಗಲಳ ಭುಜ ಸವರಿದಳು. "ನಿಮ್ಮದೇನ ತಪ್ಪಿಲ್ಲ ಬಿಡ್ರಿ ಅಕ್ಕಾ. ನೀವು ಹಾಕಿದ್ದು ಮನೀದು."

"ನಿಮ್ಮದೂ ಮನೀದ."

"ನಂಬಿಗಸ್ತ ಮಂದಿ ನಾವು ಮೂರೂ ಮಂದಿ," ಎಂದಳು ದುಂಡವ್ವ ಗದ್ಗದಿತಳಾಗಿ. "ಗ್ವಾಡಿ ಬ್ಯಾಡ. ಒಲಿ ಒಂದ ಇರಲಿ. ಅಡಗಿ ಮಾಡಾಕಿ ಮಾತ್ರ ಯಾರ ಖಾರದ ಪಾರ್ಟಿನೂ ಆಗಿರಬಾರದು."

ಮೂವರೂ ತಿರುಗಿ, ಇಡೀ ಪ್ಲಾಟಿನಲ್ಲಿ ಸ್ವಂತ ಖಾರವೇ ಇಲ್ಲದ ಏಕೈಕ ವ್ಯಕ್ತಿಯನ್ನು ನೋಡಿದರು. ಅವಳಿಗೆ ಆಗ ಒಂದೇ ಕಣ್ಣು ಕಾಣಿಸುತ್ತಿತ್ತು. ಅಷ್ಟಾದರೂ ಎಲ್ಲ ಸ್ಪಷ್ಟವಾಗಿ ಕಂಡಿತು.

ಸೋಮವಾರ ಗವಂಡಿ ಬಂದ, ಆ ಇಟ್ಟಿಗೆಯಿಂದಲೇ ಅಂಗಳದಲ್ಲಿ ಭರ್ಜರಿ ಒಲೆ ಕಟ್ಟಿದ. ಈಗ ಮಯೂರಿ ಕಾಲೇಜಿನಿಂದ ಬಂದವಳೇ ಒಂದು ಮನೆಗಲ್ಲ, ಮೂರು ಮನೆಗೆ ಜೋಳದ ಭಕ್ರಿ ಬಡಿಯುತ್ತಾಳೆ. ಸುತ್ತ ಮೂವರು ಹೆಂಗಸರು ಕೂತು, ಒಬ್ಬರ ಮೇಲೊಬ್ಬರು ಪೂರ್ತಿ ವಿಶ್ವಾಸವಿಟ್ಟು, ಅವಳ ಕೈಯನ್ನೇ ಕಾಯುತ್ತಾರೆ. ಉಳಿದ ಇಟ್ಟಿಗೆಗಳ ಮೇಲೆ ಕೇದಾರಿ, ತಾತೋಬಾ ಕೂತು ಥೇಟ್ ಡೆನ್ಮಾರ್ಕಿನ ಗಂಡಸರಂತೆ ನಗುತ್ತಿರುತ್ತಾರೆ.

ಗಜ್ಜರಿ ಹೆಚ್ಚುವವಳು ಮಾತ್ರ ಮಯೂರಿ.