ತಾರಾಮಣಿಯ ಶೋಧಾಸ್ತ್ರವೂ ಅರವತ್ತಮೂರು ಸಾವಿರ ಮಿಂಚಂಚೆಗಳೂ

ಕೃತಯುಗವಲ್ಲ, ತ್ರೇತೆಯಲ್ಲ, ದ್ವಾಪರವೂ ಅಲ್ಲ. ಮನುಷ್ಯರು ಹೆತ್ತವರ ಹುಟ್ಟಿದ ದಿನವನ್ನು ಮರೆತು ಇಪ್ಪತ್ತೆಂಟು ಪಾಸ್‌ವರ್ಡುಗಳನ್ನು ನೆನಪಿಡಲು ಹೆಣಗುತ್ತಿದ್ದ, ಬರೆದದ್ದನ್ನೆಲ್ಲ ಕಳುಹಿಸಿ ಕಳುಹಿಸಿದ್ದನ್ನೆಲ್ಲ ಕಳೆದುಕೊಳ್ಳುತ್ತಿದ್ದ ಈ ನಮ್ಮ ಯುಗದಲ್ಲಿ, ನಾರಿಕೇಳಪರಿಮಳಭರಿತವಾದ ತಿಪಟೂರೆಂಬ ಪಟ್ಟಣದ ಹೊಂಬಾಳಮ್ಮ ಪಾಲಿಟೆಕ್ನಿಕ್ಕಿನಲ್ಲಿ, ಒಂದು ಗಾಲಿ ಕಳಚಿದ ಕುರ್ಚಿಯನ್ನೇ ಸಿಂಹಾಸನವಾಗಿಸಿಕೊಂಡು ಕಂಪ್ಯೂಟರ್ ಲ್ಯಾಬನ್ನಾಳಿದ, ಮೌಸನ್ನು ಮುಟ್ಟೆನೆಂಬ ಕಠೋರವ್ರತವನ್ನು ತೊಟ್ಟ, ಕೃಷ್ಣವರ್ಣಪರದೆಯ ಮೇಲೆ ಶ್ವೇತಾಕ್ಷರಗಳ ಮಳೆಗರೆಯಬಲ್ಲ ವೀರಮಾತೆ ತಾರಾಮಣಿಯ ಕಥೆಯನ್ನು ಹೇಳಹೊರಟ ಈ ಬಡ ನಾಲಗೆಗೆ, ತಾಯಿ ವಾಗ್ದೇವಿ, ಬಲವನ್ನು ಕರುಣಿಸು. ಬಲ ಕರುಣಿಸದಿದ್ದರೂ ಕಥೆ ಮುಗಿಯುವ ತನಕ ಕರೆಂಟನ್ನಾದರೂ ತೆಗೆಯದಿರು.

ಯುದ್ಧಕ್ಕೆ ಕಾರಣವಾದದ್ದು ಒಂದು ಸೋಮವಾರ ಬೆಳಗಿನ ಫೋನು. ಅದನ್ನು ಕೆಳಗಿಟ್ಟ ಪ್ರಿನ್ಸಿಪಾಲ್ ತೀರ್ಥಕುಮಾರರ ಮುಖ, ಗ್ರಹಣಕ್ಕೆ ಸಿಕ್ಕ ಹುಣ್ಣಿಮೆಯ ಚಂದ್ರನಂತೆ ಕಪ್ಪಿಟ್ಟಿತು.

"ಮುಂದಿನ್ ಸೋಮವಾರ ಮಧ್ಯಾಹ್ನ ಮೂರ್ ಗಂಟೆಗೆ ತಪಾಸಣಾ ಸಮಿತಿ ಬರುತ್ತಂತೆ. ನಮ್ ಸಂಜೆ ಬ್ಯಾಚಿಗೆ ಇಲಾಖೆ ಅನುಮತಿ ಕೊಟ್ಟಿತ್ತಲ್ಲ, ಆ ಪತ್ರ ತೋರಿಸ್ಬೇಕಂತೆ. ಏಳ್ ವರ್ಷದ ಹಿಂದೆ ಮೇಲ್‌ನಲ್ಲಿ ಬಂದಿದ್ದು. ಸಿಗ್ಲಿಲ್ಲ ಅಂದ್ರೆ ಇಪ್ಪತ್ತೆರಡು ಜನಕ್ಕೂ ಈ ಸಲ ಪರೀಕ್ಷೆ ಇಲ್ಲ."

ಆ ಇಪ್ಪತ್ತೆರಡು ಮಂದಿ ಯಾರೆಂದರೆ, ಹಗಲೆಲ್ಲ ಗಾರ್ಮೆಂಟ್ಸಿನಲ್ಲಿ, ಗ್ಯಾರೇಜಿನಲ್ಲಿ, ಎಣ್ಣೆಮಿಲ್ಲಿನಲ್ಲಿ ದುಡಿದು, ಸಂಜೆ ಆರಕ್ಕೆ ಡಿಪ್ಲೊಮಾ ಕಲಿಯಲು ಬರುವವರು, ತಾರಾಮಣಿಯ ಶಿಷ್ಯಗಣ. ಪತ್ರವಾದರೋ ಹಳೆಯ ಕಂಪ್ಯೂಟರೊಂದರ ಉದರದಲ್ಲಿತ್ತು. ಮೇಲ್ ಕಂಪನಿಯನ್ನು ಬದಲಿಸಿದಾಗ ಕಾಲೇಜಿನ ಹನ್ನೊಂದು ವರ್ಷದ ಅರವತ್ತಮೂರು ಸಾವಿರದ ನಾಲ್ಕುನೂರ ಹನ್ನೆರಡು ಮಿಂಚಂಚೆಗಳನ್ನು ಅದರೊಳಗೆ ಸುರಿದು, ಆ ಕಂಪ್ಯೂಟರನ್ನು ಪ್ರಿನ್ಸಿಪಾಲರ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಹುಡುಕುವ ಬಾಗಿಲೇ ಇಲ್ಲದ ಕೋಟೆ ಅದು.

ಆಗ ಎದ್ದು ನಿಂತಳು ತಾರಾಮಣಿ. ನಿಜಕ್ಕೂ ಅವಳ ಬಾಯಿಂದ ಬಂದದ್ದು "ನಾನೊಂದು ಟೂಲ್ ಬರೀತೀನಿ ಬಿಡಿ ಸಾರ್" ಎಂಬ ಒಂದೇ ಮಾತು. ಆದರೆ ವೀರರ ಮಾತನ್ನು ವೀರರಿಗೆ ತಕ್ಕಂತೆ ಹೇಳುವುದು ಕಥೆಗಾರನ ಧರ್ಮವಾದ್ದರಿಂದ, ಅವಳ ಕಣ್ಣಿನಲ್ಲಿ ಆ ಹೊತ್ತು ಹೊಳೆದದ್ದು ಹೀಗಿತ್ತು: "ಎಲೈ ಪ್ರಾಂಶುಪಾಲಕುಲತಿಲಕನೇ, ಕೇಳು! ಚಿತ್ರವಿಲ್ಲದ, ಗುಂಡಿಯಿಲ್ಲದ, ಬಣ್ಣವಿಲ್ಲದ ಕರಿಯ ಪರದೆಯ ಮೇಲೆ ಒಂದೇ ಒಂದು ಸಾಲಿನ ಆಜ್ಞೆಯನ್ನು ಕುಟ್ಟಿದೊಡನೆ, ಎವೆಯಿಕ್ಕುವುದರೊಳಗೆ ಅರವತ್ತಮೂರು ಸಾವಿರ ಮಿಂಚಂಚೆಗಳನ್ನು ಜಾಲಾಡಿ ಬೇಕಾದ್ದೊಂದನ್ನೇ ಜುಟ್ಟು ಹಿಡಿದೆಳೆದು ತರುವಂಥ ಮಹಾಸ್ತ್ರವನ್ನು ಏಳು ದಿನಗಳೊಳಗೆ ನಿರ್ಮಿಸದಿದ್ದರೆ, ನಾನು ಮೌಸ್ ಹಿಡಿದು ಬದುಕುತ್ತೇನೆ!"

"ಬರೀರಿ. ಹೆಂಗ್ ಉಪಯೋಗಿಸೋದು ಅಂತಾನೂ ಬರೆದಿಡಿ" ಎಂದರು ಪ್ರಿನ್ಸಿಪಾಲರು. "ನೀವು ರಜಾ ಹಾಕಿದ ದಿನ ನಾನೇನು ಕರಿ ಪರದೆ ಮುಂದೆ ಭಜನೆ ಮಾಡ್ಲಾ?" ಹೀಗೆಂದವರೇ ಬೀರುವಿನ ಬೀಗದಕೈಯನ್ನು ಜೇಬಿಗಿಳಿಸಿ ಮೌಲ್ಯಮಾಪನಕ್ಕೆಂದು ಬಸ್ಸು ಹತ್ತಿಬಿಟ್ಟರು. ಆ ಬೀಗದಕೈ ಮುಂದಿನ ಸೋಮವಾರದವರೆಗೂ ಹಿಂತಿರುಗಲಿಲ್ಲವೆಂಬುದನ್ನು ನೆನಪಿಟ್ಟುಕೊಳ್ಳಿ.

ಮೂಲೆಯ ಮೇಜಿನಿಂದ ಒಂದು ಕೆಮ್ಮು ಕೇಳಿಸಿತು. ಅದು ಪ್ರತಿಪಕ್ಷದ ಶಂಖನಾದ. ಬಾಕ್ಸ್‌ಫೈಲ್‌ದುರ್ಗಾಧಿಪತಿ, ರಬ್ಬರ್‌ಸ್ಟಾಂಪಾಯುಧಧಾರಿ, ಕಾಲೇಜಿಗೆ ಬಂದ, ಕಾಲೇಜಿನಿಂದ ಹೋದ ಪ್ರತಿಯೊಂದು ಮೇಲನ್ನೂ ಪ್ರಿಂಟು ತೆಗೆದು ಆವಕ-ಜಾವಕ ಸಂಖ್ಯೆ ಒತ್ತಿ ದಾರದಲ್ಲಿ ಕಟ್ಟಿಡುವ ಹೆಡ್‌ಕ್ಲರ್ಕ್ ರೇವಣಸಿದ್ದಯ್ಯನವರು ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಟೂಲ್ ಬರೀರಿ ಮೇಡಂ, ಬ್ಯಾಡ ಅನ್ನಲ್ಲ. ಇಪ್ಪತ್ತಾರು ವರ್ಷದಿಂದ ಈ ಆಫೀಸ್ನಾಗೆ ನನ್ ಸೀಲ್ ಬೀಳ್ದಂಗೆ ಒಂದ್ ಹಾಳೆ ಒಳಗ್ ಬಂದಿಲ್ಲ. ಅಷ್ಟೇ ಯೋಳ್ತೀನಿ."

"ನಿಮ್ ದಾರ ಬಿಚ್ಚೋ ಅಷ್ಟರಲ್ಲಿ ಸಮಿತಿಯೋರು ಕಾಫಿ ಕುಡಿದು ಊರು ಸೇರ್ಕೊಂಡಿರ್ತಾರೆ, ಸಿದ್ದಯ್ಯನೋರೆ."

"ಆಗ್ಲಿ ಆಗ್ಲಿ. ಕೇಳ್ದಾಗ ಕೊಟ್ರಾಯ್ತು" ಎಂದು ಅವರು ಡ್ರಾಯರನ್ನೊಮ್ಮೆ ಎಳೆದು ಮುಚ್ಚಿದರು. ಆ ಶಬ್ದದ ಅರ್ಥ ಅಂದು ಯಾರಿಗೂ ಹೊಳೆಯಲಿಲ್ಲ.

ಅಸ್ತ್ರನಿರ್ಮಾಣವು ತಾರಾಮಣಿಯ ಅಡುಗೆಮನೆಯಲ್ಲಿ, ಬೆಳಗಿನ ಐದೂವರೆಯಿಂದ ಏಳರವರೆಗಿನ ಪುಣ್ಯಕಾಲದಲ್ಲಿ, ಕುಕ್ಕರೆಂಬ ರಣಕಹಳೆಯ ಹಿಮ್ಮೇಳದೊಡನೆ ನಡೆಯಿತು. ಮೊದಲನೆಯ ಕೂಗಿಗೆ ಅಸ್ತ್ರವು ಮೇಲ್ ಓದಲು ಕಲಿಯಿತು. ಎರಡನೆಯದಕ್ಕೆ ಪದ ಹುಡುಕಲು ಕಲಿಯಿತು. ಮೂರನೆಯದಕ್ಕೆ ಅದುವರೆಗೆ ಕಲಿತದ್ದನ್ನೆಲ್ಲ ಮರೆತು, ಹದಿನೇಳನೆಯ ಸಾಲಿನಲ್ಲಿ ತಪ್ಪಿದೆ ಎಂದು ಆಪಾದಿಸಿತು.

"ಅಮ್ಮಾ, ಆರು ಕೂಗ್ತು!" ಎಂದು ಒಳಗಿನಿಂದ ಚೀರಿದಳು ಎರಡನೇ ಕ್ಲಾಸಿನ ಮಗಳು ಇಂಚರ.

"ಒಲೆ ಸಣ್ಣ ಮಾಡ್ತೀನಿ ಬಂಗಾರ, ಈ ಒಂದು ಸಾಲು—"

ಆ ಒಂದು ಸಾಲು ಸಿಕ್ಕುವುದರೊಳಗೆ ಅನ್ನ ಅಂಬಲಿಯಾಗಿತ್ತು. ಆ ವಾರ ಇಂಚರ ಶಾಲೆಗೆ ಒಯ್ದ ಬುತ್ತಿಯನ್ನು ವರ್ಣಿಸಲು ಕಥೆಗಾರನಿಗೂ ಮನಸ್ಸು ಬಾರದು. ಆದರೆ ಶುಕ್ರವಾರದ ಹೊತ್ತಿಗೆ 'ಹುಡುಕು' ಎಂಬ ನಾಮಧೇಯದ ಶೋಧಾಸ್ತ್ರವು ಸಿದ್ಧವಾಯಿತು. ಕೋಟೆಯ ಬೀಗದಕೈ ಇಲ್ಲದ್ದರಿಂದ ತಾರಾಮಣಿ ತಾನೇ ಹತ್ತು ಮಾದರಿ ಮೇಲುಗಳನ್ನು, ಚೊಕ್ಕವಾದ ವಿಷಯ, ಪೂರ್ಣವಾದ ವಾಕ್ಯ, ಅಚ್ಚುಕಟ್ಟಾದ ಸಹಿಯೊಡನೆ ಬರೆದು ಅಸ್ತ್ರವನ್ನು ಪರೀಕ್ಷಿಸಿದಳು. ಹತ್ತಕ್ಕೆ ಹತ್ತೂ ಸಿಕ್ಕವು. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಸೌಟು ಎತ್ತಿ ಜಯಕಾರ ಮಾಡಿದಳು.

ಇನ್ನು ಕೈಪಿಡಿ. ಅಸ್ತ್ರವನ್ನು ಮಾಡುವವರುಂಟು, ಅದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬರೆಯುವವರು ಮೂರು ಲೋಕದಲ್ಲೂ ವಿರಳ. ತಾರಾಮಣಿ ಮೂವತ್ತೊಂದು ಪುಟ ಬರೆದಳು: ಪದದಿಂದ ಹುಡುಕುವ ಬಗೆ, ಕಳುಹಿಸಿದವರ ಹೆಸರಿನಿಂದ ಹುಡುಕುವ ಬಗೆ, ತಾರೀಖಿನಿಂದ ಹುಡುಕುವ ಬಗೆ, ಏನೂ ಸಿಕ್ಕದಿದ್ದಾಗ ಧೈರ್ಯಗೆಡದಿರುವ ಬಗೆ. ಶನಿವಾರ ಅದನ್ನು ರೇವಣಸಿದ್ದಯ್ಯನವರ ಮುಂದಿಟ್ಟಾಗ ಅವರು ಕೆಂಪು ಪೆನ್ನು ತೆಗೆದರು. ತಮ್ಮ ಕಣ್ಣಿಗೆ ಬಿದ್ದ ಯಾವ ಕಾಗದವನ್ನೂ ಷರಾ ಬರೆಯದೆ ಹಿಂತಿರುಗಿಸಿದ ಪಾಪ ಅವರಿಗಿರಲಿಲ್ಲ.

ಮಧ್ಯಾಹ್ನಕ್ಕೆ ಕೈಪಿಡಿ ರಕ್ತಸಿಕ್ತವಾಗಿ ಮರಳಿತು. ಪುಟ ಎರಡು: 'ಆಜ್ಞೆ ಎಂದಿದೆ. ಯಾರ ಆಜ್ಞೆ? ಸಹಿ ಇಲ್ಲ.' ಪುಟ ಐದು: 'ದಯವಿಟ್ಟು ಎಂಬುದು ಎಲ್ಲಿಯೂ ಇಲ್ಲ.' ಪುಟ ಒಂಬತ್ತರ ಅಂಚಿನಲ್ಲಿ ಇಂಚರ ಒಂದು ಆನೆ ಬರೆದಿದ್ದಳು. ಅದರ ಸೊಂಡಿಲಿನ ಪಕ್ಕದಲ್ಲಿ: 'ಆನೆ ಇದೆ. ಸಂಬಂಧ ತಿಳಿಸುವುದು.'

"ಮಿಷನ್ನಿಗೆ ಯಾಕ್ರೀ ದಯವಿಟ್ಟು?" ಎಂದಳು ತಾರಾಮಣಿ.

"ಮಿಷನ್ನಾದ್ರೇನು ಮೇಡಂ? ಇಲ್ಲಿ ಕೆಲ್ಸ ಮಾಡ್ತೈತಲ್ಲ, ಸಿಬ್ಬಂದಿನೇ."

ಅನಂತರ ಅವರು ಲ್ಯಾಬಿನ ಕೀಲಿಮಣೆಯ ಮುಂದೆ ಕುಳಿತು, ಕೈಪಿಡಿಯಲ್ಲಿ ಕಂಡಂತೆ, ಒಂದು ಬೆರಳಿನಿಂದ, ಪ್ರತಿಯೊಂದು ಅಕ್ಷರವನ್ನೂ ಕುಟ್ಟಿದರು: 'ಉದಾಹರಣೆಗೆ: ಹುಡುಕು'. ಅಂಥ ಆಜ್ಞೆ ಇಲ್ಲ ಎಂದಿತು ಯಂತ್ರ.

"ಅಯ್ಯೋ, ಉದಾಹರಣೆಗೆ ಅನ್ನೋದನ್ನ ಹೊಡೀಬಾರ್ದು ಸಿದ್ದಯ್ಯನೋರೆ!"

"ಹಂಗಂತ ಎಲ್ ಬರ್ದಿದ್ದೀರಾ?" ಎಂದರು ಅವರು, ಮತ್ತೆ ಕೆಂಪು ಪೆನ್ನು ಬಿಚ್ಚುತ್ತ. ಮೂವತ್ತೊಂದು ಪುಟಗಳು ಮೂವತ್ತೆರಡಾದವು.

ಬಂದಿತು ಸೋಮವಾರ. ಮಧ್ಯಾಹ್ನ ಎರಡಕ್ಕೆ ಪ್ರಿನ್ಸಿಪಾಲರೂ ಬೀಗದಕೈಯೂ ಬಂದು, ಬೀರು ತೆರೆಯಲಾಗಿ, ಧೂಳಿನ ಮೇಘದ ನಡುವಿನಿಂದ ಹಳೆಯ ಕಂಪ್ಯೂಟರು ಅವತರಿಸಿತು. ಬಾಗಿಲಲ್ಲಿ, ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ, ಸಂಜೆ ಬ್ಯಾಚಿನ ಚಂದ್ರಿಕಾ ನಿಂತಿದ್ದಳು. ಮೂರು ವರ್ಷ ಒಂದು ಸಂಜೆಯನ್ನೂ ತಪ್ಪಿಸದವಳು.

"ಮೇಡಂ, ನಮ್ ಹಾಲ್ ಟಿಕೆಟ್ ಬತ್ತದಾ?"

"ಒಂದ್ನಿಮಿಷ ನೋಡ್ತಿರು ಚಂದ್ರಿಕಾ" ಎಂದು ತಾರಾಮಣಿ ತೋಳೇರಿಸಿ, ಬ್ರಹ್ಮಾಂಡವೇ ಉಸಿರು ಬಿಗಿಹಿಡಿದ ಆ ಮಹಾಕ್ಷಣದಲ್ಲಿ ಕುಟ್ಟಿದಳು: ಹುಡುಕು, ಸಂಜೆ ತರಗತಿ.

ಸೊನ್ನೆ.

ಹುಡುಕು, ಅನುಮತಿ. ಸೊನ್ನೆ. ಹುಡುಕು, ಡಿಪ್ಲೊಮಾ. ಮೂರು ಸಿಕ್ಕವು, ಮೂರೂ ಯಾರೋ ಕುರ್ಚಿ ಮಾರುವವರ ಜಾಹೀರಾತು. ಅವಳ ಹಣೆಯ ಮೇಲೆ ಬೆವರು ಮುತ್ತುಗಟ್ಟಿತು. ಇಲಾಖೆಯ ಒಂದು ಮೇಲನ್ನು ತೆರೆದಳು. ವಿಷಯದ ಜಾಗ ಖಾಲಿ. ಒಳಗೆ ಎರಡೇ ಪದ: 'ಮಾನ್ಯರೆ, ಲಗತ್ತಿಸಿದೆ.' ಇನ್ನೊಂದನ್ನು ತೆರೆದಳು: 'ಮಾನ್ಯರೆ, ಲಗತ್ತಿಸಿದೆ.' ಮತ್ತೊಂದು, ಮಗದೊಂದು. ಪತ್ರವನ್ನು ಕೈಯಲ್ಲಿ ಬರೆದು, ಸಹಿ ಹಾಕಿ, ಸೀಲೊತ್ತಿ, ಫೋಟೋದಂತೆ ಸ್ಕ್ಯಾನ್ ಮಾಡಿ, ಮೇಲಿಗೆ ಅಂಟಿಸಿ ಈ ಎರಡು ಪದ ಬರೆದು ಕಳುಹಿಸುವುದು ಈ ಸೀಮೆಯ ಕಚೇರಿಗಳ ಸನಾತನ ಸಂಪ್ರದಾಯ. ಫೋಟೋದೊಳಗಿನ ಕೈಬರಹವನ್ನು ಓದುವ ವಿದ್ಯೆಯನ್ನು ಅವಳು ಅಸ್ತ್ರಕ್ಕೆ ಕಲಿಸಿರಲಿಲ್ಲ. ಹಠಕ್ಕೆ ಬಿದ್ದು 'ಹುಡುಕು, ಲಗತ್ತಿಸಿದೆ' ಎಂದಳು. ಅಸ್ತ್ರವು ನಿಷ್ಠೆಯಿಂದ, ಹೆಮ್ಮೆಯಿಂದ, ನಲವತ್ತೊಂದು ಸಾವಿರದ ಒಂಬೈನೂರ ಆರು ಮೇಲುಗಳನ್ನು ತಂದು ಪಾದಕ್ಕೆ ಸುರಿಯಿತು.

ಎರಡೂ ಮುಕ್ಕಾಲು. ಚಂದ್ರಿಕಾ ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಅದನ್ನು ನೋಡಲಾರದೆ ತಾರಾಮಣಿ ಬಿಂಕವನ್ನು ಗಂಟುಕಟ್ಟಿ ಬದಿಗಿಟ್ಟು, ಮೂಲೆಯ ಮೇಜಿಗೆ ನಡೆದಳು. ಏಳು ಹೆಜ್ಜೆಯ ದೂರ. ಯಾವ ದಂಡಯಾತ್ರೆಯೂ ಅಷ್ಟು ಉದ್ದವಿದ್ದಿಲ್ಲ.

"ಸಿದ್ದಯ್ಯನೋರೆ, ಆ ಅನುಮತಿ ಪತ್ರ ನಿಮ್ಮ ಹತ್ರ ಏನಾದ್ರೂ..."

ಡ್ರಾಯರು ತೆರೆಯಿತು. ಹಳದಿಗಟ್ಟಿದ ಒಂದು ಹಾಳೆ ಹೊರಬಂತು.

"ತಗಳಿ. ಹೋದ್ ಸೋಮವಾರವೇ ತೆಗ್ದಿಟ್ಟಿದ್ದೆ. ಹತ್ ನಿಮಿಷದ್ ಕೆಲ್ಸ."

"ಒಂದು ವಾರದಿಂದ ಇಲ್ಲೇ ಇಟ್ಕೊಂಡಿದ್ರಾ? ಹೇಳ್ಬಾರ್ದಿತ್ತಾ?"

"ನೀವ್ ಕೇಳ್ಲೇ ಇಲ್ವಲ್ಲ."

ತಾರಾಮಣಿ ಹಾಳೆಯನ್ನು ಓದಿದಳು. ಆವಕ ಸಂಖ್ಯೆ ಇತ್ತು, ಸೀಲಿತ್ತು, ಪುಟ್ಟ ಸಹಿಯಿತ್ತು, ಮೂಲೆಯಲ್ಲಿ ಅವರದೇ ದುಂಡು ಅಕ್ಷರದಲ್ಲಿ 'ಸಂಜೆ ಬ್ಯಾಚ್ ಅನುಮತಿ' ಎಂದಿತ್ತು. ಮತ್ತು ನಡುವೆ, ಅಚ್ಚಿನಲ್ಲಿ: 'ಮಾನ್ಯರೆ, ಲಗತ್ತಿಸಿದೆ.'

"ಲಗತ್ತು ಎಲ್ಲಿ?"

"ಮೇಲ್ ಪ್ರಿಂಟ್ ತೆಗೀರಿ ಅಂತ ಆರ್ಡರ್ ಇತ್ತು. ಲಗತ್ತು ಅಂತ ಇರ್ಲಿಲ್ಲ" ಎಂದರು ರೇವಣಸಿದ್ದಯ್ಯ. ಆದರೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅವರ ದನಿ ಸ್ವಲ್ಪ ಇಳಿದಿತ್ತು. ಅವರೂ ಬಾಗಿಲ ಕಡೆ ನೋಡಿದರು.

ತಾರಾಮಣಿಯ ಕಣ್ಣು ಹಾಳೆಯ ನೆತ್ತಿಗೆ ಹೋಯಿತು. ಅಲ್ಲಿ ಪ್ರಿಂಟರು ತನ್ನ ಪಾಡಿಗೆ ತಾನು ಮುದ್ರಿಸಿದ್ದ ತಾರೀಖು, ಗಂಟೆ, ನಿಮಿಷ. ಅವಳು ಹಾಳೆಯನ್ನು ಅವರ ಕೈಗಿತ್ತು ಕಂಪ್ಯೂಟರಿನತ್ತ ಓಡಿದಳು. "ಓದ್ರಿ ಸಿದ್ದಯ್ಯನೋರೆ, ಜೋರಾಗಿ!"

"ಹದಿನಾಲ್ಕನೇ ತಾರೀಖು! ಜುಲೈ! ಹನ್ನೊಂದು ನಲವತ್ತು!" ಎಂದು ರಣಾಂಗಣದ ನಡುವೆ ಗರ್ಜಿಸಿದರು ಬಾಕ್ಸ್‌ಫೈಲ್‌ದುರ್ಗಾಧಿಪತಿ. ಕೈಪಿಡಿಯ ಇಪ್ಪತ್ತಮೂರನೆಯ ಪುಟದ, ತಾರೀಖಿನಿಂದ ಹುಡುಕುವ ಆಜ್ಞೆ ಪರದೆಗೆ ಬಿತ್ತು. ಒಂದು, ಒಂದೇ ಒಂದು ಮೇಲ್ ಎದ್ದು ಬಂತು. ಲಗತ್ತು ತೆರೆಯಿತು: ಸಿಂಹಮುದ್ರೆ, ನೀಲಿ ಸಹಿ, 'ಸಂಜೆ ತರಗತಿಗಳನ್ನು ನಡೆಸಲು ಅನುಮತಿ ನೀಡಲಾಗಿದೆ.'

"ಬಂತಾ ಮೇಡಂ?" ಎಂದಳು ಚಂದ್ರಿಕಾ.

"ಬಂತು ಕಣೆ. ಹೋಗು, ಓದ್ಕೋ ಹೋಗು."

ಮೂರು ಗಂಟೆಗೆಂದವರು ಮೂರೂ ಮುಕ್ಕಾಲಿಗೆ ಬಂದರು. ಸಮಿತಿಯ ಅಧ್ಯಕ್ಷರು ಪತ್ರದ ಪ್ರಿಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತಲೆಯಾಡಿಸಿದರು. "ಪರವಾಗಿಲ್ವೇ, ಇಟ್ಟಿದ್ದೀರಲ್ಲ! ಇದು ನಮ್ಮ ಆಫೀಸಿಂದ್ಲೇ ಹೋಗಿರೋದು, ನಮಗೇ ಸಿಗ್ತಿಲ್ಲ. ಬ್ಯಾಚ್‌ದು ಏನೂ ತೊಂದ್ರೆ ಇಲ್ಲ ಬಿಡಿ. ಇದನ್ನೊಂದು ನಮಗೆ ಮೇಲ್ ಮಾಡ್ಬಿಡಿ ಮೇಡಂ, ಈಗ್ಲೇ."

ಗೋಡೆಯ ಗಡಿಯಾರ ನಾಲ್ಕು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ನಾಲ್ಕೂಕಾಲಿಗೆ ಇಂಚರಳ ಶಾಲೆಯ ವ್ಯಾನು ಸರ್ಕಲ್ಲಿನಲ್ಲಿ ನಿಲ್ಲುತ್ತದೆ. ಇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೆ ಮಗುವನ್ನು ಹೊತ್ತು ಇನ್ನೊಂದು ಸುತ್ತು ಹೋಗುತ್ತದೆ. ವೀರಮಾತೆ ತಾರಾಮಣಿ ಒಂದು ಹೆಗಲಿಗೆ ಬ್ಯಾಗು ಸಿಕ್ಕಿಸಿಕೊಂಡು, ನಿಂತಲ್ಲಿಂದಲೇ ಬಾಗಿ, ವ್ರತವನ್ನೂ ಮರೆತು ಮೌಸನ್ನೇ ಹಿಡಿದು, ಪತ್ರವನ್ನು ಅಂಟಿಸಿದಳು. ವಿಷಯದ ಜಾಗವನ್ನು ಖಾಲಿ ಬಿಟ್ಟಳು. ಅದರ ಕೆಳಗೆ ಅವಳ ಬೆರಳುಗಳು ತಾವಾಗಿಯೇ ಎರಡು ಪದ ಕುಟ್ಟಿದವು: 'ಮಾನ್ಯರೆ, ಲಗತ್ತಿಸಿದೆ.'

ಕಳುಹಿಸಿ, ಓಡಿದಳು. ಹಿಂದೆ ಮೂಲೆಯಲ್ಲಿ ಪ್ರಿಂಟರು ಗೊರಗೊರ ಎಂದಿತು. ರೇವಣಸಿದ್ದಯ್ಯನವರು ಅವಳು ಕಳುಹಿಸಿದ ಮೇಲ್ ಅಚ್ಚಾದ ಬಿಸಿ ಹಾಳೆಯನ್ನೆಳೆದು, ಆ ಎರಡು ಪದಗಳನ್ನು ಓದಿ, ಕೆಂಪು ಪೆನ್ನನ್ನು ತೆಗೆದು, ಮತ್ತೆ ಜೇಬಿಗಿಟ್ಟು, ಸೀಲನ್ನು ಮಾತ್ರ ಒತ್ತಿದರು.